ಸ್ವಂತ ಮೋಟಾರು ದೋಣಿ ಬೇಕೇ? ಮೊದಲು ಬೂಚು ಹಾಕಿ

ಅಡಿಕೆಗೆ ಒಳ್ಳೆ ದರ ಸಿಕ್ಕ ವರ್ಷ ಶಿರಸಿಯಿಂದ ಭಾವ ಬಂದಿದ್ದ. ಕಾರವಾರದ ಕೋಡಿಬಾಗದಲ್ಲಿ, ಕಾಳಿ ನದಿಯ ದಂಡೆಯಲ್ಲಿ, ನನ್ನ ದೋಣಿಯ ಸುತ್ತ ಎರಡು ಸುತ್ತು ಹಾಕಿದ. ಎಮ್ಮೆ ಕೊಳ್ಳಲು ಬಂದವನ ಹಾಗೆ ಅದರ ಮೈ ತಟ್ಟಿ ನೋಡಿದ. ಆಮೇಲೆ ಕೇಳಿದ, "ಎಷ್ಟ್ ಬಿತ್ತು ಭಾವಾ?"

ಹದಿನೆಂಟು ಅಡಿಯ ಹಳೇ ಫೈಬರ್ ದೋಣಿ, ಅದರ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ 40 ಎಚ್‌ಪಿಯ ಔಟ್‌ಬೋರ್ಡ್ ಎಂಜಿನ್. ಎರಡೂ ಸೇರಿ 3 ಲಕ್ಷ 40 ಸಾವಿರ ಕೊಟ್ಟಿದ್ದೆ. ಹೇಳಿದೆ. ಅವನ ಮುಖ ಅರಳಿತು. "ಒಂದು ಕಾರಿಗಿಂತ ಕಡಿಮೆ ಆತಲ್ಲಾ!" ಎಂದ.

ಎಡವಟ್ಟಾಗುವುದು ಇಲ್ಲೇ. ದೋಣಿಯನ್ನು ಕಾರಿಗೆ ಹೋಲಿಸಬೇಡಿ, ಎಮ್ಮೆಗೇ ಹೋಲಿಸಿ. ಹಾಲು ಕರೆಯದ ದಿನವೂ ಎಮ್ಮೆಗೆ ಹುಲ್ಲು ಹಾಕಬೇಕು, ಅಲ್ವಾ? ದೋಣಿಯೂ ಹಾಗೇ. ಓಡಿಸಿದರೂ ಖರ್ಚು, ಕಟ್ಟಿಹಾಕಿದರೂ ಖರ್ಚು. ಇದು ಗೊತ್ತಿದ್ದೂ ಬೇಕು ಅನ್ನಿಸಿದರೆ ಮುಂದೆ ಓದಿ.

ಹೆಜ್ಜೆ 1: ಒಂದು ಚಳಿಗಾಲ ಬೇರೆಯವರ ದೋಣಿ ಹತ್ತಿ

ಕೊಳ್ಳುವ ಮೊದಲು ಹತ್ತು ಸಲವಾದರೂ ಬಾಡಿಗೆ ಕೊಟ್ಟು ಹೋಗಿ. ಕಾಳಿ ನದಿಯಲ್ಲೂ ಹೋಗಿ, ಹೊರಗೆ ಕಡಲಿಗೂ ಹೋಗಿ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಮೂರು ಗಂಟೆಗೆ ಒಮ್ಮೆ. ನಮ್ಮ ಕರಾವಳಿಯಲ್ಲಿ ಬೆಳಿಗ್ಗೆ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ, ನೀರು ತಟ್ಟೆಯ ಹಾಗಿರುತ್ತದೆ. ಮಧ್ಯಾಹ್ನದ ನಂತರ ವಾಯವ್ಯದ ಗಾಳಿ ಎದ್ದರೆ ಅದೇ ನೀರು ಸೊಂಟ ಮುರಿಯುತ್ತದೆ. ಬೆಳಗಿನ ಸಮುದ್ರ ನೋಡಿ ದೋಣಿ ಕೊಂಡವರು ಸಂಜೆಯ ಸಮುದ್ರ ನೋಡಿ ಮಾರಿದ್ದನ್ನು ಕಂಡಿದ್ದೇನೆ.

ಮನೆಯವರನ್ನೂ ಕರೆದುಕೊಂಡು ಹೋಗಿ. ಹೆಂಡತಿಗೆ ವಾಂತಿ, ಮಕ್ಕಳಿಗೆ ಬೇಜಾರು ಎಂದಾದರೆ ಭಾನುವಾರ ನೀವೊಬ್ಬರೇ ದೋಣಿಯಲ್ಲಿರುತ್ತೀರಿ. ಕೆಲವರಿಗೆ ಬೇಕಾದದ್ದೂ ಅದೇ ಇರಬಹುದು, ನಾನೇನೂ ಹೇಳುವುದಿಲ್ಲ.

ಹೆಜ್ಜೆ 2: ದುಡ್ಡು ಕೊಡುವ ಮೊದಲು ಕಾಗದ

ಒಳನಾಡಿನ ನೀರಿನಲ್ಲಿ ಓಡುವ ಯಾಂತ್ರಿಕ ದೋಣಿಗಳಿಗೆ 2021ರ ಒಳನಾಡು ಹಡಗು ಕಾಯ್ದೆ ಇದೆ. 1917ರ ಹಳೇ ಕಾಯ್ದೆಯ ಜಾಗಕ್ಕೆ ಬಂದದ್ದು. ನೋಂದಣಿ, ತಪಾಸಣೆ, ವಿಮೆ, ನಡೆಸುವವರ ಅರ್ಹತೆ ಎಲ್ಲವೂ ಅದರಲ್ಲಿ ಬರುತ್ತದೆ. ಮುಂಗಡ ಕೊಡುವ ಮೊದಲೇ ಬಂದರು ಕಚೇರಿಗೆ ಹೋಗಿ, ದೋಣಿಯ ಅಳತೆ, ಎಂಜಿನ್ನಿನ ಎಚ್‌ಪಿ ಹೇಳಿ, ಏನೇನು ಬೇಕು ಎಂದು ಬರೆದುಕೊಂಡು ಬನ್ನಿ. ಅಳಿವೆ (ನದಿ ಕಡಲು ಸೇರುವ ಬಾಯಿ) ದಾಟಿ ಕಡಲಿಗೆ ಹೋಗುವ ಯೋಚನೆ ಇದ್ದರೆ ಅದನ್ನೂ ಆಗಲೇ ಕೇಳಿ.

ಮೀನುಗಾರಿಕೆಯ ದೋಣಿ ಅಗ್ಗಕ್ಕೆ ಸಿಗುತ್ತದೆ ಎಂದು ಕೊಂಡು, ಅದೇ ಕಾಗದದಲ್ಲಿ ಮೋಜಿಗೆ ಓಡಿಸುತ್ತೇನೆ ಅನ್ನಬೇಡಿ. ಅದರ ನೋಂದಣಿ ಬೇರೆ, ಉದ್ದೇಶ ಬೇರೆ. ತೆರಿಗೆಯೂ ಬೇರೆ. ಮೀನುಗಾರಿಕೆ ದೋಣಿಗೆ ಶೇ 5ರ ಜಿಎಸ್‌ಟಿ. ವಿಹಾರದ ದೋಣಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 40. ಹೊಸ ದೋಣಿಯ ಬೆಲೆ ಕೇಳುವಾಗ ತೆರಿಗೆ ಸೇರಿಸಿ ಹೇಳಿದ್ದಾ ಎಂದು ಖಚಿತ ಮಾಡಿಕೊಳ್ಳಿ. ನೆಂಟರನ್ನು ಕೂರಿಸಿಕೊಂಡು ಹೋಗುವುದು ಒಂದು, ಪ್ರವಾಸಿಗರಿಂದ ತಲೆಗಿಷ್ಟು ಎಂದು ತೆಗೆದುಕೊಳ್ಳುವುದು ಇನ್ನೊಂದು. ಎರಡನೆಯದು ವ್ಯಾಪಾರ. ಅದರ ಪರವಾನಗಿಯೇ ಬೇರೆ.

ಹೆಜ್ಜೆ 3: ಹಳೇ ದೋಣಿಯಾದರೆ ಹಲಸಿನ ಹಣ್ಣಿನ ಹಾಗೆ ತಟ್ಟಿ

ಎಂಜಿನ್ ಕೂರುವ ಹಿಂಬದಿಯ ಹಲಗೆಯನ್ನು ಬೆರಳ ಗೆಣ್ಣಿನಿಂದ ಉದ್ದಕ್ಕೂ ತಟ್ಟುತ್ತ ಬನ್ನಿ. ಟಣ್ ಎಂದರೆ ಸರಿ. ಹಣ್ಣಾದ ಹಲಸಿನ ಹಾಗೆ ಬೊದ್ದ ಸದ್ದು ಬಂದರೆ ಫೈಬರಿನ ಒಳಗಿರುವ ಪ್ಲೈವುಡ್ ನೀರು ಕುಡಿದು ಕೊಳೆತಿದೆ ಎಂದು ಅರ್ಥ. ಎಂಜಿನ್ನನ್ನು ಎತ್ತಿ ನಿಲ್ಲಿಸಿ ಮೆಲ್ಲಗೆ ಕೆಳಗೆ ಒತ್ತಿ. ಹಲಗೆ ಬಾಗಿದರೆ ನಮಸ್ಕಾರ ಹೇಳಿ ಬನ್ನಿ.

ಎಂಜಿನ್ ನೋಡಲು ಹೋದಾಗ ಮೊದಲು ಅದರ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಮಾರುವವರು ನೀವು ಬರುವ ಮೊದಲೇ ಚಾಲೂ ಮಾಡಿಟ್ಟಿದ್ದಾರೆ. ತಣ್ಣಗಿದ್ದಾಗ ಅದು ಹೇಗೆ ಚಾಲೂ ಆಗುತ್ತದೆ ಎಂಬುದೇ ನಿಮಗೆ ಬೇಕಾದ ಮಾಹಿತಿ. ಕೆಳಗಿನ ಗೇರ್ ಡಬ್ಬಿಯ ಸ್ಕ್ರೂ ಸಡಿಲಿಸಿ ಎರಡು ಹನಿ ಎಣ್ಣೆ ಬೆರಳಿಗೆ ತೆಗೆದುಕೊಳ್ಳಿ. ಹಾಲು ಹಾಕಿದ ಚಹಾದ ಬಣ್ಣ ಇದ್ದರೆ ಸೀಲ್ ಹೋಗಿ ಒಳಗೆ ನೀರು ಹೊಕ್ಕಿದೆ. ಇಲ್ಲಿ ಮೀನುಗಾರರ ಎಷ್ಟೋ ಎಂಜಿನ್‌ಗಳು ಸೀಮೆಎಣ್ಣೆಯಲ್ಲಿ ಓಡಿರುತ್ತವೆ. ಅದನ್ನೂ ಬಾಯಿಬಿಟ್ಟು ಕೇಳಿ.

ಟೂ ಸ್ಟ್ರೋಕೋ ಫೋರ್ ಸ್ಟ್ರೋಕೋ ಎಂದು ಗಂಟೆಗಟ್ಟಲೆ ವಾದ ಮಾಡುವವರಿದ್ದಾರೆ. ಫೋರ್ ಸ್ಟ್ರೋಕ್ ಸದ್ದು ಕಡಿಮೆ, ಪೆಟ್ರೋಲ್ ಕಡಿಮೆ. ತೂಕ ಜಾಸ್ತಿ, ಬೆಲೆ ಜಾಸ್ತಿ. ಟೂ ಸ್ಟ್ರೋಕ್ ಹಗುರ, ಬಿಚ್ಚಿ ಜೋಡಿಸುವುದು ಸುಲಭ. ನನ್ನ ಅಭಿಪ್ರಾಯ ಕೇಳಿದರೆ, ನಿಮ್ಮ ಊರಿನ ಮೆಕ್ಯಾನಿಕ್‌ಗೆ ಯಾವುದು ಗೊತ್ತೋ ಅದನ್ನೇ ಕೊಳ್ಳಿ. ಬಿಡಿಭಾಗಕ್ಕೆ ಮುಂಬೈ ಕಡೆ ಮುಖ ಮಾಡಿ ಕೂತರೆ ಆ ವರ್ಷದ ಸೀಸನ್ ಮುಗಿದ ಹಾಗೇ.

ಹೆಜ್ಜೆ 4: ಪೆಟ್ರೋಲಿನ ಲೆಕ್ಕ

ಅಂದಾಜಿಗೆ ಒಂದು ಸೂತ್ರ ಇಟ್ಟುಕೊಳ್ಳಿ. ಪೂರ್ತಿ ವೇಗದಲ್ಲಿ ಪ್ರತಿ 10 ಎಚ್‌ಪಿಗೆ ಗಂಟೆಗೆ ಸುಮಾರು 4 ಲೀಟರ್. ನನ್ನ 40 ಎಚ್‌ಪಿ ಎಂಜಿನ್‌ಗೆ ಅಂದರೆ 15–16 ಲೀಟರ್. ಹದವಾಗಿ ಓಡಿಸಿದರೆ 11ರ ಆಸುಪಾಸು. ಟೂ ಸ್ಟ್ರೋಕಿಗೆ 50 ಲೀಟರಿಗೆ ಒಂದು ಲೀಟರ್ ಎಣ್ಣೆಯೂ ಬೇಕು. ತುಂಬಿಸಿದ ಪೆಟ್ರೋಲಿನಲ್ಲಿ ಹೋಗಲು ಮೂರನೇ ಒಂದು ಪಾಲು, ಬರಲು ಒಂದು ಪಾಲು, ಇನ್ನೊಂದು ಪಾಲು ಮುಟ್ಟಲೇಬಾರದು. ರಸ್ತೆಯಲ್ಲಿ ಪೆಟ್ರೋಲ್ ಮುಗಿದರೆ ಗಾಡಿ ತಳ್ಳಬಹುದು.

ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತದೆ. ಅದು ನಮ್ಮ ಕರಾವಳಿಯ ಹಸಿ ಗಾಳಿಯಿಂದ ನೀರು ಹೀರಿಕೊಳ್ಳುತ್ತದೆ. ವಾರಗಟ್ಟಲೆ ಟ್ಯಾಂಕಿನಲ್ಲಿ ಬಿಟ್ಟರೆ ನೀರು ತಳಕ್ಕೆ ಇಳಿದು ನೇರ ಎಂಜಿನ್ನಿಗೆ ಹೋಗುತ್ತದೆ. ಹಾಗಾಗಿ ಬೇಕಾದಷ್ಟೇ ತುಂಬಿಸಿ, ನೀರು ಬೇರ್ಪಡಿಸುವ ಫಿಲ್ಟರ್ ಒಂದನ್ನು ನಡುವೆ ಹಾಕಿಸಿ.

ಹೆಜ್ಜೆ 5: ಹೊರಡುವಾಗ

ಮೊದಲ ಕೆಲಸ ಬೂಚು. ದೋಣಿಯ ಹಿಂಬದಿ ತಳದಲ್ಲಿ ಮಳೆನೀರು ಬಸಿಯಲು ಒಂದು ತೂತು ಇರುತ್ತದೆ. ದಡದಲ್ಲಿದ್ದಾಗ ಬೂಚು ತೆಗೆದಿಟ್ಟಿರುತ್ತೇವೆ. ಎರಡನೇ ವಾರವೇ ನಾನು ಅದನ್ನು ಹಾಕದೆ ನೀರಿಗೆ ತಳ್ಳಿದೆ. ದೇವಬಾಗದ ಕಡೆ ತಿರುಗುವಷ್ಟರಲ್ಲಿ ಚಪ್ಪಲಿ ತೇಲತೊಡಗಿತು. ಯಾರೋ ನೀರಿನ ಬಾಟಲಿ ಚೆಲ್ಲಿದ್ದಾರೆ ಎಂದು ಮಗನನ್ನು ಬೈದೆ. ಬೂಚು ನನ್ನ ಅಂಗಿಯ ಜೇಬಿನಲ್ಲೇ ಇತ್ತು! ಈಗ ಅದು ಎಂಜಿನ್ ಕೀಲಿಯ ಜೊತೆ ಒಂದೇ ದಾರದಲ್ಲಿ ಇರುತ್ತದೆ. ಬೂಚು ಬಿಚ್ಚದೆ ಕೀಲಿ ಕೈಗೆ ಬರುವುದಿಲ್ಲ.

ಲೈಫ್ ಜಾಕೆಟ್ ಸೀಟಿನ ಕೆಳಗೆ ಇದ್ದರೆ ಸಾಲದು, ಮೈಮೇಲೆ ಇರಬೇಕು. ಬಕಲ್ ಹಾಕಿದ ಮೇಲೆ ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆಯಿರಿ. ಕಿವಿಯವರೆಗೆ ಬಂದರೆ ಅದು ಸಡಿಲ. 2019ರ ಜನವರಿ 21ರಂದು ಕಾರವಾರದ ಎದುರಿನ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಸತ್ತರು. ಕಾರವಾರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೆಂಟರು "ಇನ್ನೊಬ್ಬ ಹಿಡಿಸ್ತಾನೆ ಬಿಡಿ" ಎಂದಾಗ ಆ ದಿನ ನೆನಪಾಗಲಿ. ಹಿಡಿಸುವುದಿಲ್ಲ ಎಂದು ಮುಖಕ್ಕೇ ಹೇಳಿ.

ನಡೆಸುವವರ ಕೈಗೆ ಕಿಲ್ ಸ್ವಿಚ್ಚಿನ ದಾರ ಇರಲಿ. ಅವರು ಬಿದ್ದರೆ ಎಂಜಿನ್ ತಾನಾಗಿ ನಿಲ್ಲುತ್ತದೆ. ಎರಡು ಹುಟ್ಟು, ಲಂಗರು, ಉದ್ದದ ಹಗ್ಗ, ಚೂರಿ, ಟಾರ್ಚು, ಪ್ಲಾಸ್ಟಿಕ್ ಚೀಲದೊಳಗೆ ಮೊಬೈಲು. ಕರಾವಳಿ ಕಾವಲು ಪಡೆಯ 1554, ಕರಾವಳಿ ಪೊಲೀಸರ 1093, ಈ ಎರಡು ನಂಬರ್ ಒಳಗೆ ಪೇಂಟಿನಲ್ಲಿ ಬರೆಸಿ. ಎಲ್ಲಿಗೆ ಹೋಗುತ್ತಿದ್ದೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ದಡದಲ್ಲಿ ಒಬ್ಬರಿಗೆ ಹೇಳಿ ಹೋಗಿ.

ನೀರಿನ ಏರಿಳಿತಕ್ಕೆ ಇಲ್ಲಿ ಕೊಂಕಣಿಯಲ್ಲಿ ಭರತಿ, ಸುಕತಿ ಅನ್ನುತ್ತಾರೆ. ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ, ಮರುದಿನ ಸುಮಾರು 50 ನಿಮಿಷ ತಡ. ಹುಣ್ಣಿಮೆ, ಅಮಾವಾಸ್ಯೆಯ ಆಜುಬಾಜು ಸೆಳೆತ ಜೋರು. ನೀರು ಇಳಿಯುವಾಗ ಎದುರಿನಿಂದ ಗಾಳಿ ಬೀಸಿದರೆ ಅಳಿವೆಯ ಬಾಯಲ್ಲಿ ಅಲೆಗಳು ಗೋಡೆಯ ಹಾಗೆ ಏಳುತ್ತವೆ. ಮರಳ ದಿಬ್ಬ ಪ್ರತಿ ಮಳೆಗಾಲ ಜಾಗ ಬದಲಿಸುತ್ತದೆ. ಹಳೇ ಕಾಳಿ ಸೇತುವೆ 2024ರ ಆಗಸ್ಟ್ 6ರ ನಡುರಾತ್ರಿ ಕಳೆದು ಕುಸಿದ ಮೇಲೆ ಆ ಜಾಗದಲ್ಲೂ ನಾನು ಸ್ಥಳೀಯರನ್ನು ಕೇಳದೆ ದಾಟುವುದಿಲ್ಲ. ಅರಗಾ ಕಡೆ ನೌಕಾನೆಲೆ ಇದೆ. ಅತ್ತ ಮೂತಿಯನ್ನೇ ತಿರುಗಿಸಬೇಡಿ. ಆಧಾರ್ ಕಾರ್ಡು, ದೋಣಿಯ ಕಾಗದ ಜೊತೆಯಲ್ಲೇ ಇರಲಿ. 2008ರ ಮುಂಬೈ ದಾಳಿಕೋರರು ಬಂದದ್ದು ಕಡಲಿನಿಂದ, ಹಾಗಾಗಿ ತಪಾಸಣೆ ಇದ್ದದ್ದೇ.

ಹೆಜ್ಜೆ 6: ಎಂಜಿನ್ ಉಚ್ಚೆ ಹೊಯ್ಯುತ್ತಿದೆಯೇ?

ಕ್ಷಮಿಸಿ, ದಂಡೆಯಲ್ಲಿ ಹೀಗೇ ಹೇಳುವುದು. ಚಾಲೂ ಆದಾಗ ಎಂಜಿನ್ನಿನ ಹಿಂದಿನಿಂದ ಪೆನ್ಸಿಲ್ ದಪ್ಪದ ನೀರಿನ ಧಾರೆ ಹಾರುತ್ತದೆ. ನದಿಯ ನೀರೇ ಒಳಗೆ ಸುತ್ತಿ ಎಂಜಿನ್ ತಣ್ಣಗಿಟ್ಟು ಹೊರಬರುವುದು ಅದು. ಐದು ನಿಮಿಷಕ್ಕೊಮ್ಮೆ ತಿರುಗಿ ನೋಡಿ. ಧಾರೆ ನಿಂತರೆ ಎಂಜಿನ್ನೂ ನಿಲ್ಲಿಸಿ, ಆ ಕ್ಷಣವೇ.

ನಾನು ನೋಡಿರಲಿಲ್ಲ. ಆ ದಿನ ದೇವಬಾಗದ ಆಚೆ ಡಾಲ್ಫಿನ್ ಕಂಡಿದ್ದವು. ಎಲ್ಲರ ಕಣ್ಣು ಮುಂದೆ. ಸುಟ್ಟ ವಾಸನೆ ಬಂದು, ಬಜರ್ ಕೂಗಿ, ಎಂಜಿನ್ ಸತ್ತಿತು. ಪಾತಿ ದೋಣಿಯಲ್ಲಿ ಬಲೆ ಬಿಡುತ್ತಿದ್ದ ಹಿರಿಯರೊಬ್ಬರು ಹತ್ತಿರ ಬಂದರು. ಬಗ್ಗಿ ನೋಡಿ, "ಮಶಿನಾಕ್ ಉದಕ್ ಮೆಳ್ನಾ" ಎಂದರು. ಮಶಿನಿಗೆ ನೀರು ಸಿಗುತ್ತಿಲ್ಲ. ನೀರೊಳಗೆ ಕೈ ಹಾಕಿ ಒಂದು ಹಾಲಿನ ಪ್ಯಾಕೆಟ್ ಎಳೆದು ತೆಗೆದರು. ನೀರು ಹೀರುವ ಜಾಲರಿಗೆ ಅದು ಅಂಟಿಕೊಂಡಿತ್ತು. ಒಳಗಿನ ಪಂಪಿನ ರಬ್ಬರ್ ಚಕ್ರ ಆಗಲೇ ಕರಗಿತ್ತು. ಹಗ್ಗ ಕಟ್ಟಿ ದಡದವರೆಗೆ ಎಳೆದು ತಂದರು. ದುಡ್ಡು ಬೇಡ ಎಂದರು. ಮೇಲಿಂದ ನಾಲ್ಕು ಬಂಗಡೆ ಕೊಟ್ಟರು. ನಾವು ತಿನ್ನದವರು ಎನ್ನಲು ಬಾಯಿ ಬರಲಿಲ್ಲ. ತಂದು ಪಕ್ಕದ ಮನೆಗೆ ಕೊಟ್ಟೆ.

ಆ ರಬ್ಬರ್ ಚಕ್ರವನ್ನು ವರ್ಷಕ್ಕೊಮ್ಮೆ ಹಾಳಾಗದಿದ್ದರೂ ಬದಲಿಸಿ. ದೋಣಿಯ ಇಡೀ ಖರ್ಚಿನಲ್ಲಿ ಅಷ್ಟು ಚಿಕ್ಕ ಮೊತ್ತಕ್ಕೆ ಅಷ್ಟು ದೊಡ್ಡ ಉಪಕಾರ ಮಾಡುವ ವಸ್ತು ಬೇರೊಂದಿಲ್ಲ.

ಹೆಜ್ಜೆ 7: ಮರಳಿ ಬಂದ ಮೇಲಿನ ಅರ್ಧ ಗಂಟೆ

ಎಲ್ಲರೂ ಚಹಾಕ್ಕೆ ಹೋಗುತ್ತಾರೆ, ನೀವು ಹೋಗುವಂತಿಲ್ಲ. ದೊಡ್ಡ ಡ್ರಮ್ಮಿನಲ್ಲಿ ಸಿಹಿನೀರು ತುಂಬಿಸಿ, ಎಂಜಿನ್ನಿನ ಕಾಲು (ನೀರೊಳಗಿರುವ ಕೆಳಭಾಗ) ಅದರಲ್ಲಿ ಮುಳುಗಿಸಿ ಹತ್ತು ನಿಮಿಷ ಓಡಿಸಿ. ಒಳಗಿನ ಉಪ್ಪು ತೊಳೆದುಹೋಗಬೇಕು. ಒಣಗಿದ ಉಪ್ಪು ನೀರಿನ ದಾರಿಯನ್ನೇ ಮುಚ್ಚಿಬಿಡುತ್ತದೆ. ಎಂಜಿನ್ನಿನ ಕಾಲಿಗೆ ಅಂಟಿಸಿದ ಸತುವಿನ ತುಂಡನ್ನೂ ನೋಡಿ. ಉಪ್ಪುನೀರು ಅಲ್ಯುಮಿನಿಯಂ ತಿನ್ನುವ ಬದಲು ಅದನ್ನು ತಿನ್ನಲಿ ಎಂದೇ ಇಟ್ಟದ್ದು. ಅರ್ಧ ಸವೆದರೆ ಹೊಸದು ಹಾಕಿ. ಅದರ ಮೇಲೆ ಬಣ್ಣ ಬಳಿಯಬೇಡಿ, ಬಳಿದರೆ ಅದು ಕೆಲಸ ಮಾಡುವುದಿಲ್ಲ. ಒಬ್ಬ ಪೇಂಟರ್ ಚಂದ ಕಾಣಲಿ ಎಂದು ನನ್ನದಕ್ಕೆ ಬಳಿದಿದ್ದ.

ನೀರಿನಲ್ಲೇ ಬಿಟ್ಟ ದೋಣಿಯ ತಳಕ್ಕೆ ಕೆಲವೇ ವಾರದಲ್ಲಿ ಚಿಪ್ಪು ಕಚ್ಚುತ್ತದೆ. ತಳ ಒರಟಾದಂತೆ ವೇಗ ಇಳಿಯುತ್ತದೆ, ಪೆಟ್ರೋಲ್ ಏರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುಮ್ನೆ ಮೇಲೆ ಎಳೆದಿಡಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ದೊಡ್ಡ ಯಾಂತ್ರಿಕ ಮೀನುಗಾರಿಕೆ ದೋಣಿಗಳೇ ಬಂದರಿನಲ್ಲಿ ನಿಂತಿರುತ್ತವೆ. ಮೇಲಿನಿಂದ ಕದ್ರಾ ಅಣೆಕಟ್ಟಿನ ಗೇಟು ತೆರೆದರೆ ಕಾಳಿಯ ಬಣ್ಣವೇ ಬೇರೆ. ಎಳೆದಿಡುವಾಗ ಪೆಟ್ರೋಲ್ ಖಾಲಿ ಮಾಡಿ, ಬ್ಯಾಟರಿ ಮನೆಗೆ ತನ್ನಿ, ಮೂತಿ ಸ್ವಲ್ಪ ಎತ್ತರಕ್ಕಿಟ್ಟು ಬೂಚು ತೆಗೆಯಿರಿ.

ಹೆಜ್ಜೆ 8: ಪುಸ್ತಕದಲ್ಲಿ ಬರೆದಿಡಿ

ಕಳೆದ ಸೀಸನ್ನಿನ ನನ್ನ ಪುಟ ಹೀಗಿದೆ. 20 ಸಲ ಹೊರಟಿದ್ದೆ. ಪೆಟ್ರೋಲ್ 45,000. ಎಣ್ಣೆ 4,500. ಸರ್ವಿಸ್ 9,000. ತಳ ಕೆರೆದು ಬಣ್ಣ ಬಳಿದದ್ದು 12,000. ಎಳೆಯುವುದು, ಇಳಿಸುವುದು 6,000. ಜಾಗಕ್ಕೆ, ಕಾಯುವವರಿಗೆ ತಿಂಗಳಿಗೆ ಸಾವಿರದಂತೆ 12,000. ವಿಮೆ 8,000. ಬ್ಯಾಟರಿ, ಹಗ್ಗ, ಚಿಲ್ಲರೆ 6,000. ಒಟ್ಟು 1,02,500. ಒಂದು ಸಲ ಹೊರಡಲು 5,125 ರೂಪಾಯಿ. ಈ ಪುಟವನ್ನು ನನ್ನ ಹೆಂಡತಿ ನೋಡಿಲ್ಲ. ಇಂದು ನೋಡುತ್ತಾಳೆ.

ಇಷ್ಟು ಕೊಟ್ಟು ಸಿಗುವುದೇನು? ಡಿಸೆಂಬರಿನ ಒಂದು ಬೆಳಿಗ್ಗೆ ಆರೂವರೆಗೆ ಸದಾಶಿವಗಡದ ಗುಡ್ಡ ದಾಟಿ ಕಾಳಿಯ ಒಳಕ್ಕೆ ಹೋಗಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಪಕ್ಕ ಎಂಜಿನ್ ಆರಿಸುತ್ತೇನೆ. ಕಿವಿಯಲ್ಲಿ ಎಂಜಿನ್ನಿನ ಗುಂಯ್ ಇನ್ನೂ ಒಂದು ನಿಮಿಷ ಉಳಿಯುತ್ತದೆ. ಅದೂ ಹೋದ ಮೇಲೆ, ಇಳಿತದ ಕೆಸರಿನಿಂದ ಟಪ್ ಟಪ್ ಎಂದು ಗುಳ್ಳೆ ಒಡೆಯುವುದು ಕೇಳುತ್ತದೆ. ಬಾಡಿಗೆ ದೋಣಿಯವರು ಅಲ್ಲಿ ಅರ್ಧ ಗಂಟೆ ನಿಲ್ಲಿಸುವುದಿಲ್ಲ. ನಿಲ್ಲಿಸಿದರೂ ಗಡಿಯಾರ ನೋಡುತ್ತಾರೆ. ಫ್ಲಾಸ್ಕಿನ ಚಹಾ ಕುಡಿದು, ಮಾತಾಡದೆ ಕೂತು ಬರುತ್ತೇವೆ.

ಭಾವನಿಗೆ ಆ ಪುಟವನ್ನೂ ತೋರಿಸಿದೆ, ಆ ಜಾಗಕ್ಕೂ ಕರೆದೊಯ್ದೆ. ಬರುವಾಗ ಸುಮ್ಮನಿದ್ದ. ದಡಕ್ಕೆ ಬಂದ ಮೇಲೆ, "ಹೊಸತು ಬೇಡ, ಇದರಲ್ಲೇ ಅರ್ಧ ಪಾಲು ಕೊಡು" ಎಂದ. ಪಾಲು ಒಳ್ಳೆಯ ದಾರಿಯೇ. ಆದರೆ ಯಾರ ಪಾಲಿಗೆ ಯಾವ ಭಾನುವಾರ, ಪ್ರೊಪೆಲ್ಲರ್ ಕಲ್ಲಿಗೆ ಬಡಿದರೆ ಯಾರ ಜೇಬು ಎಂಬುದನ್ನು ಮೊದಲೇ ಬರೆದುಕೊಳ್ಳಬೇಕು. ನಾವು ಬರೆದೆವು. ಮೊದಲ ಸಾಲು ಹೀಗಿದೆ: ಮೇ ಕೊನೆಯ ವಾರ ಚಿಪ್ಪು ಕೆರೆಯಲು ಭಾವ ಶಿರಸಿಯಿಂದ ಬರತಕ್ಕದ್ದು. ಆ ವಾರ ಊರಲ್ಲಿ ಯಾರದೋ ಉಪನಯನ ಇದೆ ಎಂದು ಈಗಾಗಲೇ ಫೋನ್ ಬಂದಿದೆ.