ಬಿಲ್ಡ್‌ಗಿಂತ ಮೊದಲು ಟಿಪ್ಪಣಿ: ಬೀಟಾ ಬಿಡುಗಡೆಯ ನನ್ನ ಅನುಭವ

ಮುಂಬೈಯ ಮಾಟುಂಗ, ಚೆಂಬೂರು, ಮುಲುಂಡ್ ಕಡೆಯ ಉಡುಪಿ ಹೋಟೆಲುಗಳಿಗೆ ಬಿಲ್ಲಿಂಗ್ ಆ್ಯಪ್ ಮಾಡಿಕೊಡುವ ಸಣ್ಣ ತಂಡದಲ್ಲಿ ಬಿಡುಗಡೆಯ ಹೊಣೆ ನನ್ನದು. ನಮ್ಮ ಬೀಟಾ ಪರೀಕ್ಷಕರು, ಅಂದರೆ ಅಂತಿಮ ಆವೃತ್ತಿಗೆ ಮೊದಲಿನ ಪ್ರಯೋಗದ ಆವೃತ್ತಿಯನ್ನು ಬಳಸಿ ನೋಡುವವರು, ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ಮ್ಯಾನೇಜರುಗಳು. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಅವರಿಗೆ ತಲೆ ಎತ್ತಲೂ ಪುರಸೊತ್ತಿರುವುದಿಲ್ಲ. ಹೊಸತೇನು ಬಂದಿದೆ ಎಂಬ ಪಟ್ಟಿ ಕಟ್ಟಿಕೊಂಡು ಅವರಿಗೇನಾಗಬೇಕು? ಏನು ಕೆಡಬಹುದು, ಕೆಟ್ಟರೆ ಹಳೆಯದಕ್ಕೆ ಮರಳುವುದು ಹೇಗೆ, ಇಷ್ಟು ತಿಳಿದರೆ ಸಾಕು.

ಹಾಗಾಗಿ ಬೀಟಾ ಟಿಪ್ಪಣಿ ಸಿದ್ಧವಾಗದೆ ನಾನು ಬಿಲ್ಡ್ (ಫೋನಿಗೆ ಹಾಕಲು ಸಿದ್ಧವಾದ ಆ್ಯಪ್) ಹೊರಬಿಡುವುದಿಲ್ಲ. ಟಿಪ್ಪಣಿಯ ಕಡತ ಕೋಡ್ ಇರುವ ಗಿಟ್ (ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ವ್ಯವಸ್ಥೆ) ಭಂಡಾರದಲ್ಲೇ ಇರುತ್ತದೆ. ಬದಲಾವಣೆ ಮಾಡಿದವರೇ ಅದಕ್ಕೊಂದು ಸಾಲನ್ನೂ ಸೇರಿಸಬೇಕು, ಇಲ್ಲದಿದ್ದರೆ ನನ್ನ ಒಪ್ಪಿಗೆ ಸಿಗುವುದಿಲ್ಲ. ಪ್ರೋಗ್ರಾಮರುಗಳು ಗೊಣಗುತ್ತಾರೆ, ಗೊಣಗಲಿ. 'ಮುದ್ರಣ ಸುಧಾರಿಸಿದೆ' ಎಂದು ಬರೆದು ಕಳಿಸಿದರೆ ವಾಪಸ್ಸು ಕಳಿಸುತ್ತೇನೆ. ಯಾವ ಪ್ರಿಂಟರಿನಲ್ಲಿ, ಯಾವ ಅಗಲದ ಕಾಗದದಲ್ಲಿ ಎಂದು ಹೇಳದ ಸಾಲು ಯಾರಿಗೂ ಉಪಯೋಗಕ್ಕೆ ಬಾರದು.

ಮುದ್ರಣದ ವಿಷಯ ಬಂದದ್ದರಿಂದ ಒಂದು ಉದಾಹರಣೆ. ಹೋಟೆಲುಗಳಲ್ಲಿರುವ ಅಗ್ಗದ ಥರ್ಮಲ್ ಪ್ರಿಂಟರುಗಳಲ್ಲಿ ಸಾಮಾನ್ಯವಾಗಿ ಕನ್ನಡ ಅಕ್ಷರಗಳಿರುವುದಿಲ್ಲ. ನಾವು ಬಿಲ್ಲನ್ನು ಚಿತ್ರವಾಗಿ ಬಿಡಿಸಿ ಕಳಿಸುತ್ತೇವೆ. 80 ಮಿ.ಮೀ. ಕಾಗದದಲ್ಲಿ ಸಾಲಿಗೆ 576 ಚುಕ್ಕಿ ಸಿಗುತ್ತವೆ, 58 ಮಿ.ಮೀ. ಕಾಗದದಲ್ಲಿ 384 ಮಾತ್ರ. 'ಮೈಸೂರು ಮಸಾಲೆ ದೋಸೆ' ಚಿಕ್ಕ ಕಾಗದದಲ್ಲಿ ಎರಡನೇ ಸಾಲಿಗೆ ಇಳಿದರೆ ದರದ ಅಂಕಣ ಅಂಚಿಗೆ ಸರಿದುಬಿಡುತ್ತಿತ್ತು. ಟಿಪ್ಪಣಿಯಲ್ಲಿ ಹೀಗೆ ಬರೆದೆ: 'ಚಿಕ್ಕ ಕಾಗದದಲ್ಲಿ ಉದ್ದದ ಹೆಸರಿದ್ದರೆ ದರದ ಕೊನೆಯ ಅಂಕಿ ಕಾಣುವುದಿಲ್ಲ. ಒಟ್ಟು ಮೊತ್ತ ಸರಿಯಾಗಿಯೇ ಇರುತ್ತದೆ. ಸದ್ಯಕ್ಕೆ ತಿಂಡಿಯ ಹೆಸರನ್ನು ಚಿಕ್ಕದು ಮಾಡಿ. ಮುಂದಿನ ಬೀಟಾದಲ್ಲಿ ಸರಿಹೋಗುತ್ತದೆ.' ಇದರಲ್ಲಿ ತೂಕವಿರುವುದು ಎರಡನೇ ವಾಕ್ಯಕ್ಕೆ. ಮ್ಯಾನೇಜರನ ಎದೆ ಹೊಡೆದುಕೊಳ್ಳುವುದು ಮೊತ್ತಕ್ಕಾಗಿ, ಅಂಕಣಕ್ಕಾಗಿ ಅಲ್ಲ. ಅದನ್ನು ಓದಿದವರು ಅದೇ ಬಿಲ್ಲಿನ ಫೋಟೋ ಕಳಿಸುವುದನ್ನು ನಿಲ್ಲಿಸಿದರು, ನಮಗೆ ಗೊತ್ತಿಲ್ಲದ ದೋಷಗಳ ಫೋಟೋ ಬರತೊಡಗಿದವು.

ಆವೃತ್ತಿ ಸಂಖ್ಯೆಯಲ್ಲಿ 'ಬೀಟಾ' ಮತ್ತು ಅಂಕಿಯ ನಡುವೆ ಚುಕ್ಕಿ ಇಡುತ್ತೇವೆ: 3.2.0-ಬೀಟಾ.2. ಚುಕ್ಕಿಯಿದ್ದರೆ ಸೆಮ್ಯಾಂಟಿಕ್ ವರ್ಷನಿಂಗ್ (ಆವೃತ್ತಿಗಳಿಗೆ ಸಂಖ್ಯೆ ಕೊಡುವ ಒಂದು ಪದ್ಧತಿ) ನಿಯಮದಂತೆ 2ರ ನಂತರ 11 ಬರುತ್ತದೆ. ಇಲ್ಲದಿದ್ದರೆ ಅಕ್ಷರಗಳಂತೆ ಹೋಲಿಸಿ ಹನ್ನೊಂದನೆಯದನ್ನು ಎರಡನೆಯದಕ್ಕಿಂತ ಹಳೆಯದೆಂದು ಎಣಿಸಲಾಗುತ್ತದೆ. ಟಿಪ್ಪಣಿಯ ತಲೆಯ ಮೇಲೂ ಆ್ಯಪ್‌ನ ಮೊದಲ ಪರದೆಯ ಮೂಲೆಯಲ್ಲೂ ಅದೇ ಸಂಖ್ಯೆ.

ಹೆಚ್ಚು ಹೊತ್ತು ಹಿಡಿಯುವುದು ಹಿಂದಿರುಗುವ ದಾರಿಯನ್ನು ಬರೆಯುವುದು. ಪ್ಲೇ ಸ್ಟೋರಿನಲ್ಲಿ ಬೀಟಾ ಗುಂಪಿನಿಂದ ಹೊರಬಂದ ಮಾತ್ರಕ್ಕೆ ಫೋನಿನಲ್ಲಿ ಹಳೆಯ ಆ್ಯಪ್ ಬಂದು ಕೂರುವುದಿಲ್ಲ. ಹೆಚ್ಚಿನ ಸಂಖ್ಯೆಯ ಬಿಲ್ಡ್ ಮೇಲೆ ಕಡಿಮೆ ಸಂಖ್ಯೆಯದನ್ನು ಹೇರಲು ಆಂಡ್ರಾಯ್ಡ್ ಬಿಡುವುದಿಲ್ಲ, ಬೀಟಾವನ್ನು ತೆಗೆದುಹಾಕಿಯೇ ಹಳೆಯದನ್ನು ಹಾಕಬೇಕು. ತೆಗೆದರೆ ಫೋನಿನೊಳಗಿನ ಬಿಲ್ಲುಗಳೂ ಹೋದಂತೆಯೇ. ಸರಿ, ಬ್ಯಾಕಪ್ ಇದೆಯಲ್ಲ ಎನ್ನಬಹುದು. ಬೀಟಾ ಡೇಟಾಬೇಸಿನ ರಚನೆಯನ್ನು ಬದಲಿಸಿದ್ದರೆ ಆ ಬ್ಯಾಕಪ್ಪನ್ನು ಹಳೆಯ ಆ್ಯಪ್ ತೆರೆಯಲಾರದು, ಏಕೆಂದರೆ ನಾವೇ ವ್ಯವಸ್ಥೆ ಮಾಡದ ಹೊರತು ಆಂಡ್ರಾಯ್ಡ್‌ನ ಎಸ್‌ಕ್ಯೂಲೈಟ್ ಸಹಾಯಕ (ಫೋನಿನೊಳಗಿನ ಡೇಟಾಬೇಸನ್ನು ತೆರೆದುಕೊಡುವ ಕೋಡ್) ಹಿಂದಿನ ಆವೃತ್ತಿಗೆ ಇಳಿಯಲು ನಿರಾಕರಿಸಿ ಆ್ಯಪ್ಪನ್ನೇ ಉರುಳಿಸುತ್ತದೆ. ಅದಕ್ಕೇ ನಮ್ಮ ಟಿಪ್ಪಣಿಯ ಮೊದಲ ಸಾಲು ಯಾವಾಗಲೂ ಒಂದೇ: 'ಇದನ್ನು ಹಾಕುವ ಮೊದಲು ಬ್ಯಾಕಪ್ ತೆಗೆಯಿರಿ.' ಹಾಕಿದ ನಂತರ ತೆಗೆದದ್ದು ಹಿಂದಿರುಗುವಾಗ ಕೆಲಸಕ್ಕೆ ಬಾರದು ಎಂದು ಅದರ ಕೆಳಗೇ ದಪ್ಪಕ್ಷರದಲ್ಲಿ ಇರುತ್ತದೆ. ಮರಳುವ ಹೆಜ್ಜೆಗಳನ್ನು ನಾನೇ ಒಂದು ಹಳೆಯ ಫೋನಿನಲ್ಲಿ ಮಾಡಿ, ಪರದೆಯ ಚಿತ್ರ ತೆಗೆದು ಸೇರಿಸುತ್ತೇನೆ.

ಬಿಲ್ಲಿನ ಸಂಖ್ಯೆಯದು ಬೇರೆಯೇ ಕಟ್ಟುಪಾಡು. ಜಿಎಸ್‌ಟಿ ನಿಯಮದ ಪ್ರಕಾರ ಅದು ಅನುಕ್ರಮವಾಗಿರಬೇಕು, 16 ಅಕ್ಷರ ಮೀರಬಾರದು, ಆರ್ಥಿಕ ವರ್ಷದಲ್ಲಿ ಮರುಕಳಿಸಬಾರದು. ಪರೀಕ್ಷೆಗೆಂದು ಹೊಡೆದ ಬಿಲ್ಲು ಆ ಸರಣಿಯೊಳಗೆ ನುಸುಳಿದರೆ ಲೆಕ್ಕಪರಿಶೋಧಕರಿಗೆ ಉತ್ತರ ಹೇಳಬೇಕಾದವರು ಹೋಟೆಲಿನವರು. ಆದ್ದರಿಂದ ಪ್ರಯೋಗದ ಬಿಲ್ಲಿಗೆ ಸಂಖ್ಯೆಯೇ ಇಲ್ಲ, ಅಡ್ಡಲಾಗಿ 'ಪ್ರಯೋಗ' ಎಂದು ಮುದ್ರಣವಾಗುತ್ತದೆ.

ಪ್ಲೇ ಸ್ಟೋರಿನ ಟಿಪ್ಪಣಿಗೆ ಒಂದು ಭಾಷೆಗೆ 500 ಅಕ್ಷರಗಳ ಮಿತಿ. ಬ್ಯಾಕಪ್ಪಿನ ಮಾತು ಮತ್ತು ಅತಿ ದೊಡ್ಡ ದೋಷ ಅಲ್ಲಿ, ಉಳಿದದ್ದು ಆ್ಯಪ್‌ನ ಒಳಗೆ. ಬಿಡುಗಡೆ ಮಂಗಳವಾರ, ಊಟದ ಗದ್ದಲ ಇಳಿದ ಮೇಲೆ. ಗಣೇಶ ಚತುರ್ಥಿಯ ಆಸುಪಾಸಿನಲ್ಲಿ ಏನನ್ನೂ ಬಿಡುವುದಿಲ್ಲ.

ಅಂತಿಮ ಆವೃತ್ತಿ ಬಂದಾಗ ಬೀಟಾ ಟಿಪ್ಪಣಿಗಳನ್ನು ಹಾಗೆಯೇ ಕೈಪಿಡಿಗೆ ಅಂಟಿಸಬಾರದು ಎಂಬುದು ನನ್ನ ಹಟ. ಸರಿಹೋದ ದೋಷಗಳನ್ನು ತೆಗೆದು, ಉಳಿದವನ್ನು ಆಯಾ ಅಧ್ಯಾಯಕ್ಕೆ ಸೇರಿಸಿ ಹೊಸದಾಗಿ ಬರೆಯುತ್ತೇನೆ. ಹಳೆಯ ಟಿಪ್ಪಣಿಗಳನ್ನು ಮಾತ್ರ ಅಳಿಸುವುದಿಲ್ಲ. ಯಾವುದೋ ಹೋಟೆಲಿನ ಎರಡನೇ ಕೌಂಟರಿನ ಫೋನಿನಲ್ಲಿ ಬೀಟಾ.2 ಇನ್ನೂ ಓಡುತ್ತಿರುತ್ತದೆ, ಅವರ ಕರೆ ಬಂದಾಗ ನನಗೇ ಅದು ಬೇಕಾಗುತ್ತದೆ.