ಕಳುಹಿಸಿದ ಅಳತೆ ಕ್ಲೌಡ್‌ವಾಚ್‌ನಲ್ಲಿ ಕಾಣದಿದ್ದಾಗ ಹುಡುಕುವ ಕ್ರಮ

ಮಲ್ಪೆ ಬಂದರಿನ ಸಮೀಪದ ಒಂದು ಐಸ್ ಪ್ಲಾಂಟಿನಲ್ಲಿ ಮಂಜುಗಡ್ಡೆ ದಾಸ್ತಾನು ಮಾಡುವ ಕೋಣೆಗಳ ಉಷ್ಣತೆಯನ್ನು ಮಂಗಳೂರಿನಲ್ಲಿ ಕುಳಿತು ಗಮನಿಸುವ ಕೆಲಸ ನನ್ನದು. ಕೋಣೆಯೊಳಗಿನ ಸೆನ್ಸರ್ ನಿಮಿಷಕ್ಕೊಂದು ಅಳತೆಯನ್ನು ರಾಸ್‌ಬೆರಿ ಪೈ ಎಂಬ ಒಂದು ಪುಟ್ಟ ಕಂಪ್ಯೂಟರಿಗೆ ಕೊಡುತ್ತದೆ, ಅದರಲ್ಲಿರುವ ಪೈಥಾನ್ ಪ್ರೋಗ್ರಾಂ ಆ ಅಳತೆಯನ್ನು ಅಮೆಜಾನ್‌ನ ನಿಗಾ ಸೇವೆಯಾದ ಕ್ಲೌಡ್‌ವಾಚ್‌ಗೆ ಕಸ್ಟಮ್ ಮೆಟ್ರಿಕ್ ಆಗಿ, ಅಂದರೆ ನಾವೇ ಹೆಸರಿಟ್ಟ ಅಳತೆಗಳ ಸರಣಿಯಾಗಿ, ಕಳುಹಿಸುತ್ತದೆ. ಅಮೆಜಾನ್ ತಾನಾಗಿಯೇ ಒದಗಿಸುವ ಮೆಟ್ರಿಕ್‌ಗಳಲ್ಲಿ ನಾವು ತಪ್ಪು ಮಾಡಲು ಹೆಚ್ಚು ಅವಕಾಶವಿಲ್ಲ. ಆದರೆ ನಾವೇ ಹೆಸರಿಟ್ಟು ಕಳುಹಿಸುವ ಮೆಟ್ರಿಕ್‌ನ ಹೆಸರು, ಸಮಯ, ಅನುಮತಿ ಇವೆಲ್ಲವೂ ನಮ್ಮ ಕೈಯಲ್ಲಿರುವುದರಿಂದ, ಒಂದು ಬೆಳಿಗ್ಗೆ ಗ್ರಾಫ್ ಬರಿದಾಗಿ ಕಂಡರೆ ಹುಡುಕಬೇಕಾದ ಜಾಗಗಳೂ ಹೆಚ್ಚು.

ಗ್ರಾಫ್ ಬರಿದಾದ ಕೂಡಲೇ ಯಂತ್ರವನ್ನು ಆರಿಸಿ ಹೊತ್ತಿಸುವ ಅಭ್ಯಾಸ ಹಲವರಲ್ಲಿದೆ. ದಯವಿಟ್ಟು ಹಾಗೆ ಮಾಡಬೇಡಿ. ತಪ್ಪಾದ ಗಡಿಯಾರ, ಅವಧಿ ಮುಗಿದ ಕ್ರೆಡೆನ್ಷಿಯಲ್ (ಅಮೆಜಾನ್‌ಗೆ ನಮ್ಮ ಗುರುತನ್ನು ತೋರಿಸುವ ಕೀಲಿ), ಅರ್ಧದಲ್ಲಿ ನಿಂತ ಪ್ರೋಗ್ರಾಂ ಇವು ಉಳಿಸಿಟ್ಟ ಕುರುಹುಗಳೆಲ್ಲ ಆ ಒಂದು ರೀಸ್ಟಾರ್ಟ್‌ನಲ್ಲಿ ಅಳಿಸಿಹೋಗಬಹುದು. ಅದರ ಬದಲು ಮೂರು ಪ್ರಶ್ನೆಗಳನ್ನು ಬೇರ್ಪಡಿಸಿಕೊಳ್ಳಬೇಕು: ಅಳತೆ ನಮ್ಮ ಯಂತ್ರದಿಂದ ಹೊರಟೇ ಇಲ್ಲವೇ, ಹೊರಟದ್ದು ಬಾಗಿಲಲ್ಲಿ ತಿರಸ್ಕೃತವಾಯಿತೇ, ಅಥವಾ ಒಳಗೆ ಸೇರಿಯೂ ನಾವು ನೋಡದ ಇನ್ನೊಂದು ಜಾಗದಲ್ಲಿ ಇದೆಯೇ? ನನ್ನ ಅನುಭವದಲ್ಲಿ ಮೂರನೆಯದೇ ಹೆಚ್ಚು. ಜನರು ಹುಡುಕುವುದು ಮಾತ್ರ ಮೊದಲನೆಯದನ್ನು.

ಇವನ್ನು ಬೇರ್ಪಡಿಸಲು ಕೈಯಿಂದಲೇ ಒಂದು ಅಳತೆಯನ್ನು ಕಳುಹಿಸಿ ನೋಡುವುದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಅಮೆಜಾನ್‌ನ ಕಮಾಂಡ್ ಲೈನ್ ಸಾಧನದಲ್ಲಿ ಪುಟ್-ಮೆಟ್ರಿಕ್-ಡೇಟಾ ಎಂಬ ಆದೇಶವಿದೆ. ಒಂದು ನೇಮ್‌ಸ್ಪೇಸ್ (ಮೆಟ್ರಿಕ್‌ಗಳ ಗುಂಪಿನ ಹೆಸರು), ಒಂದು ಮೆಟ್ರಿಕ್ ಹೆಸರು, ಒಂದು ಸಂಖ್ಯೆ ಇಷ್ಟನ್ನೇ ಕೊಡಿ, ರೀಜನ್ ಅನ್ನು, ಅಂದರೆ ಅಮೆಜಾನ್‌ನ ಯಾವ ಊರಿನ ಡೇಟಾ ಕೇಂದ್ರಗಳು ಎಂಬುದನ್ನು, ಆದೇಶದಲ್ಲೇ ಬರೆಯಿರಿ, ಡೈಮೆನ್ಷನ್ (ಅಳತೆ ಯಾವ ಕೋಣೆಯದ್ದು ಎಂಬಂಥ ಗುರುತುಪಟ್ಟಿ) ಮತ್ತು ಟೈಮ್‌ಸ್ಟ್ಯಾಂಪ್ (ಅಳತೆಯ ಸಮಯ) ಎರಡನ್ನೂ ಬಿಟ್ಟುಬಿಡಿ. ಟೈಮ್‌ಸ್ಟ್ಯಾಂಪ್ ಇಲ್ಲದಿದ್ದರೆ ಅಳತೆ ತನಗೆ ತಲುಪಿದ ಕ್ಷಣವನ್ನೇ ಕ್ಲೌಡ್‌ವಾಚ್ ಬಳಸುತ್ತದೆ. ಆದೇಶ ಯಶಸ್ವಿಯಾದರೆ ಪರದೆಯ ಮೇಲೆ ಏನೂ ಬರುವುದಿಲ್ಲ, ಆ ಮೌನವೇ ಒಪ್ಪಿಗೆ. ಹೊಸ ಹೆಸರಿನ ಮೆಟ್ರಿಕ್ ಪಟ್ಟಿಯಲ್ಲಿ ಕಾಣಿಸಿಕೊಳ್ಳಲು 15 ನಿಮಿಷದವರೆಗೂ ಹಿಡಿಯಬಹುದಾದ್ದರಿಂದ ಎರಡೇ ನಿಮಿಷದಲ್ಲಿ ತೀರ್ಮಾನಕ್ಕೆ ಬರಬಾರದು. ಗೆಟ್-ಮೆಟ್ರಿಕ್-ಸ್ಟ್ಯಾಟಿಸ್ಟಿಕ್ಸ್ ಆದೇಶದಿಂದ ಅದೇ ಹೆಸರನ್ನು ನೇರವಾಗಿ ಕೇಳಿದರೆ ಪಟ್ಟಿಗಾಗಿ ಕಾಯುವ ಅಗತ್ಯ ಬೀಳುವುದಿಲ್ಲ. ಈ ಬರಿಯ ಅಳತೆ ತಲುಪಿತೆಂದಾದರೆ, ಬಿಟ್ಟಿದ್ದ ಭಾಗಗಳನ್ನು ಒಂದೊಂದಾಗಿ, ಮೊದಲು ಟೈಮ್‌ಸ್ಟ್ಯಾಂಪ್, ಆಮೇಲೆ ಡೈಮೆನ್ಷನ್, ಸೇರಿಸುತ್ತ ಬನ್ನಿ. ಯಾವುದನ್ನು ಸೇರಿಸಿದಾಗ ಅಳತೆ ಕಾಣೆಯಾಗುತ್ತದೆಯೋ ತಪ್ಪು ಅಲ್ಲಿದೆ.

ಈ ಪರೀಕ್ಷೆಯನ್ನು ನಿಮ್ಮ ಲ್ಯಾಪ್‌ಟಾಪಿನಿಂದಲ್ಲ, ಅಳತೆ ಕಳುಹಿಸಬೇಕಾದ ಯಂತ್ರದಿಂದಲೇ, ಪ್ರೋಗ್ರಾಂ ಯಾವ ಬಳಕೆದಾರನ ಹೆಸರಿನಲ್ಲಿ ಓಡುತ್ತದೆಯೋ ಅದೇ ಬಳಕೆದಾರನಾಗಿ ಮಾಡಬೇಕು. ಕೈಯಿಂದ ಓಡಿಸಿದಾಗ ಸರಿಯಾಗಿದ್ದದ್ದು ನಿಗದಿತ ಹೊತ್ತಿಗೆ ಕೆಲಸಗಳನ್ನು ತಾನಾಗಿ ಓಡಿಸುವ ಕ್ರಾನ್‌ಗೆ ವಹಿಸಿದ ಮೇಲೆ ಕೆಲಸ ಮಾಡುವುದಿಲ್ಲ ಎಂಬ ದೂರಿನ ಮೂಲ ಬಹುತೇಕ ಇಲ್ಲೇ ಇರುತ್ತದೆ, ಏಕೆಂದರೆ ಕ್ರಾನ್ ನಿಮ್ಮ ಶೆಲ್‌ನ ಪರಿಸರವನ್ನು (ನೀವು ಲಾಗಿನ್ ಆದಾಗ ಸಿದ್ಧವಾಗುವ ಹೊಂದಿಕೆಗಳನ್ನು) ಓದುವುದಿಲ್ಲ, ಮತ್ತು ರೂಟ್ ಎಂಬ ನಿರ್ವಾಹಕ ಬಳಕೆದಾರನ ಹೆಸರಿನಲ್ಲಿ ಓಡುವ ಕೆಲಸವು ರೂಟ್‌ನ ಫೋಲ್ಡರಿನಲ್ಲಿ ಕ್ರೆಡೆನ್ಷಿಯಲ್ ಹುಡುಕುತ್ತದೆಯೇ ಹೊರತು ನೀವು ಲಾಗಿನ್ ಆಗುವ ಖಾತೆಯ ಫೋಲ್ಡರಿನಲ್ಲಿ ಅಲ್ಲ. ಅಮೆಜಾನ್‌ನ ಭದ್ರತಾ ಟೋಕನ್ ಸೇವೆಯಾದ ಎಸ್‌ಟಿಎಸ್‌ನ ಗೆಟ್-ಕಾಲರ್-ಐಡೆಂಟಿಟಿ ಆದೇಶವನ್ನು ಅದೇ ಕ್ರಾನ್ ಸಾಲಿನಲ್ಲಿ ಒಮ್ಮೆ ಓಡಿಸಿ ಉತ್ತರವನ್ನು ಕಡತಕ್ಕೆ ಬರೆಸಿಕೊಂಡರೆ, ಯಾವ ಖಾತೆಯಿಂದ ಯಾವ ಗುರುತಿನೊಂದಿಗೆ ಕೋರಿಕೆ ಹೋಗುತ್ತಿದೆ ಎಂಬುದು ನಿಖರವಾಗಿ ತಿಳಿಯುತ್ತದೆ. ಪ್ರಯೋಗಕ್ಕೊಂದು, ನಿಜವಾದ ಕೆಲಸಕ್ಕೊಂದು ಎಂದು ಎರಡು ಖಾತೆ ಇಟ್ಟುಕೊಂಡಿರುವವರು ಇದನ್ನೇ ಮೊದಲು ಮಾಡುವುದು ಮೇಲು.

ರೀಜನ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕ್ಲೌಡ್‌ವಾಚ್ ಮೆಟ್ರಿಕ್‌ಗಳು ಬರೆದ ರೀಜನ್‌ನಲ್ಲೇ ಉಳಿಯುತ್ತವೆ. ಭಾರತದಲ್ಲಿ ಮುಂಬೈ ಮತ್ತು ಹೈದರಾಬಾದ್ ಎಂದು ಎರಡು ರೀಜನ್‌ಗಳಿವೆ, ಅವುಗಳ ಸಂಕೇತನಾಮಗಳ ನಡುವಿನ ವ್ಯತ್ಯಾಸ ಕೊನೆಯ ಒಂದೇ ಅಂಕಿ. ಅಮೆಜಾನ್‌ನ ವೆಬ್ ಪುಟವಾದ ಕನ್ಸೋಲಿನ ಬಲ ಮೂಲೆಯಲ್ಲಿ ಯಾವ ಊರಿನ ಹೆಸರಿದೆ ಎಂದು ನೋಡಿ ಮುಂದುವರಿಯಿರಿ.

ಸಮಯದ ವಿಷಯದಲ್ಲಿ ಮಾತ್ರ ನಿಧಾನವಾಗಿ ನಿಲ್ಲಬೇಕು. ಭಾರತೀಯ ಸಮಯವು ಜಾಗತಿಕ ಪ್ರಮಾಣ ಸಮಯವಾದ ಯುಟಿಸಿಗಿಂತ 5 ಗಂಟೆ 30 ನಿಮಿಷ ಮುಂದಿದೆ. ಕ್ಲೌಡ್‌ವಾಚ್ ಎರಡು ವಾರ ಹಿಂದಿನಿಂದ ಎರಡು ಗಂಟೆ ಮುಂದಿನವರೆಗಿನ ಟೈಮ್‌ಸ್ಟ್ಯಾಂಪ್‌ಗಳನ್ನು ಸ್ವೀಕರಿಸುತ್ತದೆ. ಈ ಎರಡು ಸಂಗತಿಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಒಂದೇ ತಪ್ಪು ಎರಡು ರೂಪಗಳಲ್ಲಿ ಕಾಣುವುದು ಅರ್ಥವಾಗುತ್ತದೆ. ಮೊದಲ ರೂಪದಲ್ಲಿ ಗೋಡೆ ಗಡಿಯಾರದ ಸಮಯವನ್ನೇ ಬರೆದು ಕೊನೆಗೆ ಯುಟಿಸಿ ಎಂದು ಸೂಚಿಸುವ ಜಡ್ ಅಕ್ಷರವನ್ನು ಸೇರಿಸಿರುತ್ತಾರೆ. ಆಗ ಅಳತೆ ಐದೂವರೆ ಗಂಟೆ ಭವಿಷ್ಯದ್ದಾಗಿ, ಎರಡು ಗಂಟೆಯ ಮಿತಿಯನ್ನು ದಾಟಿ, ದೋಷದ ಸಂದೇಶದೊಂದಿಗೆ ಹಿಂದಿರುಗುತ್ತದೆ. ಎರಡನೆಯ ರೂಪ ಇದಕ್ಕಿಂತ ಕಷ್ಟದ್ದು, ಏಕೆಂದರೆ ಅದರಲ್ಲಿ ದೋಷದ ಸಂದೇಶವೇ ಇಲ್ಲ. ಪೈಥಾನ್‌ನ ಯುಟಿಸಿನೌ ಎಂಬ ಫಂಕ್ಷನ್ ಯುಟಿಸಿ ಸಮಯವನ್ನು ಕೊಡುತ್ತದೆಯಾದರೂ ಅದು ಯುಟಿಸಿ ಎಂಬ ಗುರುತನ್ನು ಜೊತೆಗೆ ಕೊಡುವುದಿಲ್ಲ, ಮತ್ತು ಗುರುತಿಲ್ಲದ ಸಮಯವನ್ನು ಪೈಥಾನ್‌ನಿಂದ ಅಮೆಜಾನ್ ಸೇವೆಗಳನ್ನು ಬಳಸಲು ಇರುವ ಬೋಟೋ3 ಲೈಬ್ರರಿಯು ಯಂತ್ರದ ಸ್ಥಳೀಯ ಸಮಯವೆಂದೇ ಭಾವಿಸುತ್ತದೆ. ಯಂತ್ರದ ಟೈಮ್‌ಝೋನ್ ಭಾರತದ್ದಾಗಿದ್ದರೆ ಲೈಬ್ರರಿಯು ಅದರಿಂದ ಮತ್ತೊಮ್ಮೆ ಐದೂವರೆ ಗಂಟೆಯನ್ನು ಕಳೆಯುತ್ತದೆ. ಹಾಗೆ ಹಿಂದೆ ಸರಿದ ಅಳತೆಯನ್ನು ಕ್ಲೌಡ್‌ವಾಚ್ ಸಂತೋಷದಿಂದ ಸ್ವೀಕರಿಸುತ್ತದೆ, ಆದರೆ ನೀವು ಕಳೆದ ಮೂರು ಗಂಟೆಯ ಗ್ರಾಫ್ ನೋಡುತ್ತಿರುವುದರಿಂದ ಅದು ಕಣ್ಣಿಗೆ ಬೀಳುವುದಿಲ್ಲ. ಸಾಲದ್ದಕ್ಕೆ, 3ರಿಂದ 24 ಗಂಟೆ ಹಳೆಯದಾದ ಅಳತೆಗಳು ಓದಲು ಸಿಗುವುದಕ್ಕೆ 2 ಗಂಟೆಯವರೆಗೂ ತಡವಾಗಬಹುದು. ಚಳಿಗಾಲದ ಲಂಡನ್‌ನಲ್ಲಿ ಕುಳಿತು ಬರೆದವರಿಗೆ ಸ್ಥಳೀಯ ಸಮಯವೂ ಯುಟಿಸಿಯೂ ಒಂದೇ ಆಗಿರುವುದರಿಂದ ಇಂಥ ಕೋಡ್ ಸರಿಯಾಗಿಯೇ ಓಡುತ್ತದೆ. ಅದನ್ನೇ ನಕಲಿಸಿಕೊಂಡ ನಮ್ಮಲ್ಲಿ ತಪ್ಪು ಹೊರಬೀಳುತ್ತದೆ. ಪರಿಹಾರವೆಂದರೆ ಟೈಮ್‌ಝೋನ್ ಗುರುತನ್ನು ಕಡ್ಡಾಯವಾಗಿ ಕೊಟ್ಟು ನೌ ಫಂಕ್ಷನ್ ಬಳಸುವುದು. ಯುಟಿಸಿನೌ ಬಳಕೆಯನ್ನು ಬಿಡಬೇಕೆಂದು ಪೈಥಾನ್ 3.12 ಆವೃತ್ತಿಯಿಂದ ಅಧಿಕೃತವಾಗಿಯೇ ಎಚ್ಚರಿಸಲಾಗುತ್ತಿದೆ. ಸಂಶಯ ಬಂದಾಗಲೆಲ್ಲ ಗ್ರಾಫಿನ ಅವಧಿಯನ್ನು ಒಂದು ದಿನಕ್ಕೆ ಹಿಗ್ಗಿಸಿ ನೋಡಿ. ಗೆರೆ ಸರಿಯಾಗಿ ಐದೂವರೆ ಗಂಟೆ ಹಿಂದೆ ನಿಂತಿದ್ದರೆ ಬೇರೆ ಸಾಕ್ಷಿ ಬೇಡ.

ಕರಾವಳಿಯ ಮಳೆಗಾಲ ಇದಕ್ಕೆ ಇನ್ನೊಂದು ತೊಡಕನ್ನು ಸೇರಿಸುತ್ತದೆ. ರಾಸ್‌ಬೆರಿ ಪೈ 4 ಮತ್ತು ಅದಕ್ಕಿಂತ ಹಿಂದಿನ ಮಾದರಿಗಳಲ್ಲಿ ಬ್ಯಾಟರಿ ಇರುವ ಗಡಿಯಾರವಿಲ್ಲ. ಪೈ 5ರಲ್ಲಿ ಗಡಿಯಾರವಿದ್ದರೂ ಅದರ ಬ್ಯಾಟರಿಯನ್ನು ಬೇರೆಯಾಗಿ ಜೋಡಿಸಬೇಕು. ಗಾಳಿಮಳೆಗೆ ಕರೆಂಟ್ ಹೋಗಿ ನಾಲ್ಕು ಗಂಟೆಯ ನಂತರ ಬಂದಾಗ, ಯಂತ್ರವು ತಾನು ಕೊನೆಯ ಬಾರಿ ಉಳಿಸಿಟ್ಟ ಸಮಯದಿಂದ ಎಣಿಕೆ ಮುಂದುವರಿಸುತ್ತದೆ, ನೆಟ್‌ವರ್ಕ್ ಮೂಲಕ ಸರಿಯಾದ ಸಮಯ ಸಿಗುವವರೆಗೂ ಹಾಗೆಯೇ ಇರುತ್ತದೆ. ಅಮೆಜಾನ್‌ಗೆ ಹೋಗುವ ಪ್ರತಿ ಕೋರಿಕೆಯ ಸಹಿಯಲ್ಲೂ ಸಮಯವಿರುವುದರಿಂದ, ಗಡಿಯಾರ 5 ನಿಮಿಷಕ್ಕಿಂತ ಹೆಚ್ಚು ತಪ್ಪಿದ್ದರೆ ಸಹಿಯ ಅವಧಿ ಮುಗಿದಿದೆ ಎಂಬ ಕಾರಣದಿಂದ ಕೋರಿಕೆಯೇ ತಿರಸ್ಕೃತವಾಗುತ್ತದೆ. ಟೈಮ್‌ಡೇಟ್‌ಸಿಟಿಎಲ್ ಆದೇಶದ ಉತ್ತರದಲ್ಲಿ ಗಡಿಯಾರ ಹೊಂದಿಕೆಯಾಗಿದೆಯೇ ಎಂಬ ಸಾಲನ್ನು ನೋಡಿ. ಹೊಂದಿಕೆಯಾಗದೇ ಉಳಿದಿದ್ದರೆ ಆ ಜಾಗದ ಇಂಟರ್ನೆಟ್ ಸಂಪರ್ಕದಲ್ಲಿ ಸಮಯ ಹೊಂದಿಸಿಕೊಳ್ಳಲು ಬೇಕಾದ ಯುಡಿಪಿ 123ನೇ ಪೋರ್ಟ್ ಮುಚ್ಚಿರಬಹುದು. ಡಿಎಸ್3231 ಚಿಪ್ ಇರುವ ಬ್ಯಾಟರಿಸಹಿತ ಗಡಿಯಾರದ ಮಾಡ್ಯೂಲ್ ಒಂದನ್ನು ಜೋಡಿಸುವುದು ನನ್ನ ಮಟ್ಟಿಗೆ ಮಲ್ಪೆಯಂಥ ಜಾಗದಲ್ಲಿ ಅನಿವಾರ್ಯ. ಅದಿಲ್ಲದಿದ್ದರೆ, ಸಮಯ ಹೊಂದಿಕೆಯಾಗುವವರೆಗೆ ಪ್ರೋಗ್ರಾಂ ಆರಂಭವಾಗದಂತೆ ಯಂತ್ರದಲ್ಲಿ ಪ್ರೋಗ್ರಾಂಗಳನ್ನು ಆರಂಭಿಸುವ ಸಿಸ್ಟಂಡಿಯಲ್ಲಿ ಕಾಯುವ ವ್ಯವಸ್ಥೆಯನ್ನಾದರೂ ಮಾಡಿಕೊಳ್ಳಬೇಕು.

ಇಂಟರ್ನೆಟ್ ಇಲ್ಲದ ಹೊತ್ತಿನ ಅಳತೆಗಳನ್ನು ಕೂಡಿಟ್ಟು ಅನಂತರ ಕಳುಹಿಸುವುದಾದರೆ, 24 ಗಂಟೆಗಿಂತ ಹಳೆಯವು ಕಾಣಿಸಿಕೊಳ್ಳಲು 48 ಗಂಟೆಯೋ ಅದಕ್ಕಿಂತ ಹೆಚ್ಚೋ ಬೇಕಾಗಬಹುದು. ಗೂಗಲ್‌ನ ಕ್ಲೌಡ್ ಮಾನಿಟರಿಂಗ್ ಬಳಸುವವರಿಗೆ ನಿಯಮ ಇನ್ನೂ ಬಿಗಿ: ಅಲ್ಲಿ ಒಂದು ಸರಣಿಯ ಅಳತೆಗಳು ಕಾಲಕ್ರಮದಲ್ಲೇ ಬರಬೇಕು, ಹೊಸದೊಂದು ಸೇರಿದ ಮೇಲೆ ಹಳೆಯದನ್ನು ನಡುವೆ ತುಂಬಲಾಗದು. ಆದ್ದರಿಂದ ಅಲ್ಲಿ ಬಾಕಿ ಉಳಿದದ್ದನ್ನು ಮೊದಲು ಕಳುಹಿಸಿ, ಈಗಿನದನ್ನು ಆಮೇಲೆ ಕಳುಹಿಸಬೇಕು.

ಇನ್ನು ಹೆಸರುಗಳು. ಕ್ಲೌಡ್‌ವಾಚ್‌ನ ದೃಷ್ಟಿಯಲ್ಲಿ ನೇಮ್‌ಸ್ಪೇಸ್, ಹೆಸರು ಮತ್ತು ಡೈಮೆನ್ಷನ್‌ಗಳ ಪ್ರತಿಯೊಂದು ಜೋಡಣೆಯೂ ಬೇರೆಯೇ ಮೆಟ್ರಿಕ್. ಘಟಕ (ಐಸ್ ಪ್ಲಾಂಟ್) ಮತ್ತು ಕೋಣೆ ಎಂಬ ಎರಡು ಡೈಮೆನ್ಷನ್ ಸೇರಿಸಿ ಕಳುಹಿಸಿದ ಉಷ್ಣತೆಯನ್ನು ಘಟಕದ ಹೆಸರೊಂದನ್ನೇ ಕೊಟ್ಟು ಕೇಳಿದರೆ ಯಾವ ಅಳತೆಯೂ ಸಿಗುವುದಿಲ್ಲ. ಕಸ್ಟಮ್ ಮೆಟ್ರಿಕ್‌ಗಳನ್ನು ಅದು ತಾನಾಗಿ ಒಟ್ಟುಗೂಡಿಸಿ ಕೊಡುವುದಿಲ್ಲ, ಇಡೀ ಘಟಕದ ಸರಾಸರಿ ಬೇಕಿದ್ದರೆ ಅದನ್ನೂ ಬೇರೆಯಾಗಿ ಕಳುಹಿಸಬೇಕು. ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರಗಳ ವ್ಯತ್ಯಾಸವೂ ಹೊಸ ಮೆಟ್ರಿಕ್ಕನ್ನೇ ಹುಟ್ಟಿಸುತ್ತದೆ. ನಮ್ಮವರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ: ಡೈಮೆನ್ಷನ್‌ನ ಹೆಸರಿನಲ್ಲೂ ಮೌಲ್ಯದಲ್ಲೂ ಆಸ್ಕಿ ಅಕ್ಷರಗಳಿಗೆ (ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳಿಗೆ) ಮಾತ್ರ ಅವಕಾಶ. ಕೋಣೆಯ ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆಯಬೇಕೆಂಬ ಪ್ರೀತಿ ನನಗೂ ಇದೆ, ಆದರೆ ಅದಕ್ಕೆ ಜಾಗ ಡ್ಯಾಶ್‌ಬೋರ್ಡಿನ ಶೀರ್ಷಿಕೆಯೇ ಹೊರತು ಡೈಮೆನ್ಷನ್ ಅಲ್ಲ.

ಬಂದರಿನಲ್ಲಿ ಕೆಲಸ ಮಾಡುವವರಿಗೆ ಆಗಸ್ಟ್ ತಿಂಗಳು ಒಂದು ಬೇರೆಯೇ ಗಾಬರಿಯನ್ನು ತರುತ್ತದೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ನಾನು ನೋಡಿಕೊಳ್ಳುವ ಪ್ಲಾಂಟ್ ಆಗ ನಿಲ್ಲುತ್ತದೆ, ಸೆನ್ಸರ್‌ಗಳೂ ನಿಲ್ಲುತ್ತವೆ. ಎರಡು ವಾರ ಹೊಸ ಅಳತೆ ಬಾರದ ಮೆಟ್ರಿಕ್ ಕ್ಲೌಡ್‌ವಾಚ್‌ನ ಪಟ್ಟಿಯಲ್ಲಾಗಲಿ ಹುಡುಕಾಟದಲ್ಲಾಗಲಿ ಕಾಣಿಸುವುದಿಲ್ಲ. ಬೋಟುಗಳು ಕಡಲಿಗಿಳಿಯುವ ಹೊತ್ತಿಗೆ ಕನ್ಸೋಲ್ ತೆರೆದರೆ ಕಳೆದ ಸಾಲಿನ ಅಳತೆಗಳೆಲ್ಲ ಅಳಿಸಿಹೋದಂತೆ ತೋರುತ್ತದೆ. ಅವು ಅಳಿದಿಲ್ಲ. ಪೂರ್ತಿ ಹೆಸರು ಮತ್ತು ಎಲ್ಲ ಡೈಮೆನ್ಷನ್‌ಗಳನ್ನು ಕೊಟ್ಟು ಕಮಾಂಡ್ ಲೈನಿನಿಂದ ಕೇಳಿದರೆ ಸಿಗುತ್ತವೆ. ಆದರೆ ಒಂದು ನಿಮಿಷದ ವಿವರ 15 ದಿನ, ಐದು ನಿಮಿಷದ್ದು 63 ದಿನ, ಒಂದು ಗಂಟೆಯದ್ದು 455 ದಿನ ಮಾತ್ರ ಉಳಿಯುವುದರಿಂದ, ಆಗಸ್ಟ್‌ನಲ್ಲಿ ಮೇ ಮಧ್ಯಭಾಗದ ಉಷ್ಣತೆಯನ್ನು ಕೇಳುವಾಗ ಪೀರಿಯಡ್ ಅನ್ನು (ಗ್ರಾಫಿನ ಒಂದೊಂದು ಬಿಂದುವಿನ ಅವಧಿಯನ್ನು) 3600 ಸೆಕೆಂಡು ಎಂದು ಕೊಡಬೇಕು. ಈ ಕಾರಣಕ್ಕಾಗಿಯೇ ಎಲ್ಲ ಮೆಟ್ರಿಕ್‌ಗಳ ಪೂರ್ತಿ ಹೆಸರುಗಳನ್ನು ಒಂದು ಕಡತದಲ್ಲಿ ಬರೆದಿಟ್ಟುಕೊಳ್ಳಿ ಎಂದು ಒತ್ತಿ ಹೇಳುತ್ತೇನೆ.

ಬಾಗಿಲಲ್ಲೇ ತಿರಸ್ಕೃತವಾಗುವ ಅಳತೆಗಳಿಗೆ ಎರಡು ಮುಖ್ಯ ಕಾರಣಗಳಿವೆ. ಒಂದು, ಅನುಮತಿ. ಬರೆಯಲು ಬೇಕಾದ ಪುಟ್‌ಮೆಟ್ರಿಕ್‌ಡೇಟಾ ಅನುಮತಿಯನ್ನು ನಿರ್ದಿಷ್ಟ ನೇಮ್‌ಸ್ಪೇಸ್‌ಗೆ ಮಾತ್ರ ಸೀಮಿತಗೊಳಿಸಿರುವ ಕಡೆ ನೇಮ್‌ಸ್ಪೇಸ್‌ನ ಹೆಸರನ್ನು ತುಸು ಬದಲಿಸಿದರೂ ಆಕ್ಸೆಸ್ ಡಿನೈಡ್ ಬರುತ್ತದೆ. ಇನ್ನೊಂದು, ಸಂಖ್ಯೆಯಲ್ಲದ ಸಂಖ್ಯೆ. ಉಪ್ಪುಗಾಳಿಗೆ ತಂತಿಯ ಜೋಡಣೆ ತುಕ್ಕು ಹಿಡಿದು ಸೆನ್ಸರ್ ಉತ್ತರಿಸದಿದ್ದಾಗ ಕೆಲವು ಪ್ರೋಗ್ರಾಂಗಳು ಸಂಖ್ಯೆಯಲ್ಲ ಎಂದು ಸೂಚಿಸುವ ಎನ್‌ಎಎನ್ ಮೌಲ್ಯವನ್ನು ಇಡುತ್ತವೆ. ಕ್ಲೌಡ್‌ವಾಚ್ ಅದನ್ನು ಒಪ್ಪುವುದಿಲ್ಲ, ಹಲವು ಕೋಣೆಗಳ ಅಳತೆಗಳನ್ನು ಒಂದೇ ಕೋರಿಕೆಯಲ್ಲಿ ಕಟ್ಟಿ ಕಳುಹಿಸಿದ್ದರೆ ಒಂದು ಕೆಟ್ಟ ಸೆನ್ಸರ್‌ನಿಂದಾಗಿ ಎಲ್ಲ ಕೋಣೆಗಳ ಅಳತೆಯೂ ಹಿಂದಿರುಗುತ್ತದೆ. ಎರಡೂ ಸಂದರ್ಭಗಳಲ್ಲಿ ಕ್ಲೌಡ್‌ವಾಚ್ ಕಾರಣವನ್ನು ಸ್ಪಷ್ಟವಾಗಿ ಹೇಳಿಯೇ ಇರುತ್ತದೆ. ಅದನ್ನು ಕೇಳಿಸಿಕೊಳ್ಳದಂತೆ ಮಾಡುವುದು, ದೋಷ ಬಂದರೆ ಸುಮ್ಮನೆ ಮುಂದೆ ಹೋಗು ಎಂದು ನಾವೇ ಬರೆದ ಎಕ್ಸೆಪ್ಟ್ ಸಾಲು. ಆ ಸಾಲನ್ನು ತೆಗೆದು, ಬಂದ ಸಂದೇಶವನ್ನು ಇದ್ದಂತೆಯೇ ಲಾಗ್‌ಗೆ ಬರೆಯಿಸಿ.

ಸ್ವಂತ ಪ್ರೋಗ್ರಾಂ ಬದಲು ಅಮೆಜಾನ್ ಕೊಡುವ ಸಿದ್ಧ ಪ್ರೋಗ್ರಾಂ ಆದ ಕ್ಲೌಡ್‌ವಾಚ್ ಏಜೆಂಟ್ ಬಳಸುವವರು ಅದರದೇ ಲಾಗ್ ಕಡತವನ್ನು ಓದಬೇಕು, ಮತ್ತು ಬೇರೆ ಹೆಸರು ಕೊಡದಿದ್ದರೆ ಅದು ಸಿಡಬ್ಲ್ಯುಏಜೆಂಟ್ ಎಂಬ ನೇಮ್‌ಸ್ಪೇಸ್‌ನಲ್ಲಿ ಬರೆಯುತ್ತದೆ ಎಂಬುದನ್ನು ನೆನಪಿಡಬೇಕು. ಸ್ಟ್ಯಾಟ್ಸ್‌ಡಿ ಎಂಬ ವಿಧಾನದ ಮೂಲಕ ಏಜೆಂಟ್‌ಗೆ ಕೊಡುವ ಅಳತೆಗಳು ತಲುಪಿತೆಂಬ ಉತ್ತರ ಬಾರದ ಯುಡಿಪಿಯಲ್ಲಿ ಹೋಗುವುದರಿಂದ ಏಜೆಂಟ್ ನಿಂತಿದ್ದರೂ ಕಳುಹಿಸುವವನಿಗೆ ತಿಳಿಯದು.

ಎಲ್ಲ ಸರಿಹೋದ ಮೇಲೆ ಅಲಾರಾಂನ ಒಂದು ಆಯ್ಕೆಯನ್ನು ಬದಲಿಸಿ. ಅಳತೆ ಬಾರದಿದ್ದರೆ ಏನೆಂದು ಭಾವಿಸಬೇಕು ಎಂಬ ಪ್ರಶ್ನೆಗೆ ಕ್ಲೌಡ್‌ವಾಚ್‌ನ ಮೂಲ ಉತ್ತರ, ಮಾಹಿತಿ ಸಾಲದು ಎಂಬ ಸ್ಥಿತಿಗೆ ಹೋಗುವುದು. ಆ ಸ್ಥಿತಿಗೆಂದೇ ಬೇರೆ ಸೂಚನೆ ಹೊಂದಿಸದಿದ್ದರೆ ಯಾರ ಫೋನೂ ಸದ್ದು ಮಾಡುವುದಿಲ್ಲ. ಮಂಜುಗಡ್ಡೆ ಕರಗುವಂಥ ಕಡೆ ಅಳತೆ ಬಾರದಿರುವುದನ್ನು ಮಿತಿ ಮೀರಿದ್ದೆಂದೇ ಪರಿಗಣಿಸುವ ಬ್ರೀಚಿಂಗ್ ಆಯ್ಕೆಯನ್ನು ಇಡಬೇಕು. ಜೂನ್ 1ರಂದು ಪ್ಲಾಂಟ್ ನಿಲ್ಲಿಸುವಾಗ ಆ ಅಲಾರಾಂನ ಸೂಚನೆಗಳನ್ನು ತಡೆಹಿಡಿದು, ಆಗಸ್ಟ್ 1ರಂದು ಮೊದಲ ಅಳತೆ ಬಂದುದನ್ನು ಕಣ್ಣಾರೆ ನೋಡಿದ ಮೇಲೆ ಮತ್ತೆ ಚಾಲೂ ಮಾಡುತ್ತೇನೆ.