ಸಾಲ್ಜ್‌ಬರ್ಗ್‌ನಲ್ಲಿ ಒಂದು ದಿನ: ರಾಜನೂ ಆಗಿದ್ದ ಆರ್ಚ್‌ಬಿಷಪ್‌ನ ಜಾಡು ಹಿಡಿಯೋದು ಹೇಗೆ

ಜರ್ಮನಿಯ ಮ್ಯೂನಿಕ್‌ಗೆ ಊರಿಂದ ಯಾರೇ ಬರಲಿ, ಅವರನ್ನು ಗಡಿಯಾಚೆ ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ಗೆ ಕರೆದುಕೊಂಡು ಹೋಗೋದು ನಮ್ಮ ಮನೆಯಲ್ಲಿ ನನ್ನ ಪಾಲಿನ ಕೆಲಸ. ಎಲ್ಲರೂ ಕೇಳೋದು ಎರಡೇ: ಮೊಜಾರ್ಟ್ ಹುಟ್ಟಿದ ಮನೆ, ಮಿರಾಬೆಲ್ ತೋಟ. ನೋಡಿ, ಬೇಡ ಅನ್ನಲ್ಲ. ಆದರೆ ಆ ಊರು ಇವತ್ತು ಹಾಗೆ ಕಾಣೋದಕ್ಕೆ ಮುಖ್ಯ ಕಾರಣ ಇನ್ನೊಬ್ಬ. ಹೆಸರು ವೋಲ್ಫ್ ಡೀಟ್ರಿಶ್ ಫಾನ್ ರೈಟೆನೌ. 1587ರಲ್ಲಿ ಇಪ್ಪತ್ತೇಳನೇ ವಯಸ್ಸಿಗೆ ಇಲ್ಲಿನ ಆರ್ಚ್‌ಬಿಷಪ್, ಅಂದರೆ ಕ್ಯಾಥೊಲಿಕ್ ಚರ್ಚಿನ ಹಿರಿಯ ಧರ್ಮಗುರು, ಆದವನು. ಬರೀ ಆರ್ಚ್‌ಬಿಷಪ್ ಅಲ್ಲ, ನಾಡಿನ ದೊರೆಯೂ ಅವನೇ. ಚರ್ಚಿನ ಪೂಜೆ ಅವನದು, ತೆರಿಗೆ ಅವನದು, ನ್ಯಾಯ ಹೇಳೋದು ಅವನು, ಸೈನ್ಯ ಕಳಿಸೋದೂ ಅವನು. ಇಂಥ ಆಳ್ವಿಕೆ ಇಲ್ಲಿ 1803ರವರೆಗೂ ನಡೆಯಿತು.

ಅವನ ಬದುಕನ್ನು ಒಂದೇ ದಿನದಲ್ಲಿ, ಕಾಲ್ನಡಿಗೆಯಲ್ಲಿ, ನಡೆದ ಕ್ರಮದಲ್ಲೇ ನೋಡಬಹುದು. ಅದಕ್ಕೆ ಒಂದು ಶಿಸ್ತು ಬೇಕು: ರೈಲು ಇಳಿದ ಮೇಲೆ ದಾರಿಯಲ್ಲೇ ಸಿಗುವ ಮಿರಾಬೆಲ್‌ಗೆ ನುಗ್ಗಬೇಡಿ. ಅದು ಕತೆಯ ಕೊನೆ. ಮ್ಯೂನಿಕ್‌ನಿಂದ ಬರುವವರಿಗೆ ಬಯರ್ನ್ ಟಿಕೆಟ್ (ಬವೇರಿಯಾ ರಾಜ್ಯದ ಒಂದು ದಿನದ ರೈಲು ಟಿಕೆಟ್) ಸಾಲ್ಜ್‌ಬರ್ಗ್ ಸ್ಟೇಷನ್‌ವರೆಗೂ ನಡೆಯುತ್ತದೆ. ವಾರದ ದಿನವಾದರೆ ಬೆಳಗ್ಗೆ ಒಂಬತ್ತರ ಮೇಲೆ ಹೊರಡಬೇಕು, ಪ್ರಾದೇಶಿಕ ರೈಲನ್ನೇ ಹತ್ತಬೇಕು.

ಹೊರಡೋ ಮೊದಲು ಲಾಂಛನ ಓದೋದು ಕಲಿತುಕೊಳ್ಳಿ. ಐದು ನಿಮಿಷದ ಕೆಲಸ. ಇಲ್ಲಿನ ಆರ್ಚ್‌ಬಿಷಪ್‌ಗಳು ಕಟ್ಟಿಸಿದ್ದಕ್ಕೆಲ್ಲ ತಮ್ಮ ಮನೆತನದ ಗುರುತು ಹಾಕಿಸುತ್ತಿದ್ದರು. ಬಿಳಿ ಹಿನ್ನೆಲೆಯಲ್ಲಿ ಕರೀ ಉಂಡೆ ಕಂಡರೆ ನಮ್ಮ ವೋಲ್ಫ್ ಡೀಟ್ರಿಶ್. ಕಾಡುಮೇಕೆ ಇದ್ದರೆ ಅವನ ನಂತರ ಬಂದ ಮಾರ್ಕುಸ್ ಸಿಟ್ಟಿಕುಸ್. ಬಾಲವನ್ನು ಗಂಟು ಹಾಕಿಕೊಂಡ ಸಿಂಹ ಇದ್ದರೆ ಪಾರಿಸ್ ಲೋಡ್ರೋನ್. ಟರ್ನಿಪ್ ಗಡ್ಡೆ ಇದ್ದರೆ ಇವರೆಲ್ಲರಿಗಿಂತ ಹಳಬ, ಲಿಯೊನ್‌ಹಾರ್ಡ್ ಫಾನ್ ಕೊಯ್ಚಾಖ್. ಮಕ್ಕಳನ್ನು ಕರೆದುಕೊಂಡು ಹೋದರೆ ಉಂಡೆ ಹುಡುಕೋ ಕೆಲಸ ಅವರಿಗೇ ಬಿಡಿ. ನಮಗಿಂತ ಬೇಗ ಹುಡುಕುತ್ತಾರೆ.

ಮೊದಲು ನದಿ ದಾಟಿ ನೇರ ಆರ್ಚ್‌ಬಿಷಪ್‌ಗಳ ಅರಮನೆ ಮುಂದಿನ ರೆಸಿಡೆನ್ಸ್ ಚೌಕಕ್ಕೆ ಹೋಗಿ. ಎಷ್ಟು ವಿಶಾಲ, ಎಷ್ಟು ಗಾಳಿ ಅನ್ನಿಸುತ್ತೆ ಅಲ್ವಾ? ಆ ಜಾಗ ಸುಮ್ನೆ ಖಾಲಿ ಬಿದ್ದಿದ್ದಲ್ಲ. ವೋಲ್ಫ್ ಡೀಟ್ರಿಶ್ ಓದಿದ್ದು ರೋಮ್‌ನಲ್ಲಿ. ತಾಯಿ ಕಡೆಯಿಂದ ಪೋಪ್ ನಾಲ್ಕನೇ ಪಿಯುಸ್‌ಗೆ ಸಂಬಂಧಿ ಬೇರೆ. ತನ್ನ ಊರೂ ರೋಮ್ ಥರ ಕಾಣಬೇಕು ಅಂತ ಹಠ. ಇಕ್ಕಟ್ಟಾದ ಗಲ್ಲಿಗಳಲ್ಲಿದ್ದ ಮನೆಗಳನ್ನು ಸಾಲುಸಾಲಾಗಿ ಕೆಡವಿಸಿದ, ಹಳೆಯ ಸ್ಮಶಾನವನ್ನೂ ಎತ್ತಿಸಿದ. ಸುಂದರವಾದ ಚೌಕದಲ್ಲಿ ನಿಂತಾಗ ಆ ಮನೆಯವರು ಏನಾದರು ಅಂತ ಕೇಳಿಕೊಳ್ಳೋದು ಒಳ್ಳೇದು. 1588ರಲ್ಲಿ ಇವನೇ ಇನ್ನೊಂದು ಆಜ್ಞೆ ಹೊರಡಿಸಿದ: ಪ್ರಾಟೆಸ್ಟೆಂಟ್ ಆದವರು ಕ್ಯಾಥೊಲಿಕ್ ಧರ್ಮಕ್ಕೆ ಮರಳಬೇಕು, ಇಲ್ಲಾಂದ್ರೆ ಊರು ಬಿಡಬೇಕು. ಧರ್ಮಗುರುವೇ ಸರ್ಕಾರ ಆದಾಗ ಪಾಪಕ್ಕೂ ಅಪರಾಧಕ್ಕೂ ನಡುವೆ ಗೆರೆ ಉಳಿಯಲ್ಲ.

ಪಕ್ಕದಲ್ಲೇ ಕೆಥೆಡ್ರಲ್, ಆರ್ಚ್‌ಬಿಷಪ್‌ನ ಮುಖ್ಯ ಚರ್ಚ್. ಹಳೆಯ ಕೆಥೆಡ್ರಲ್‌ಗೆ 1598ರ ಡಿಸೆಂಬರ್‌ನಲ್ಲಿ ಬೆಂಕಿ ಬಿತ್ತು. ಅದನ್ನು ರಿಪೇರಿ ಮಾಡಿಸುವ ಬದಲು ಪೂರ್ತಿ ಒಡೆಸಿ, ಇಟಲಿಯ ವಾಸ್ತುಶಿಲ್ಪಿ ಸ್ಕಾಮೊಜ್ಜಿಯಿಂದ ಭಾರೀ ನಕ್ಷೆ ಮಾಡಿಸಿದ. ಈಗ ಒಳಗೆ ಹೋಗೋ ಮುಂಚೆ ಬಾಗಿಲ ಮುಂದೆ ನಿಂತು ನೋಡಿ. ಮೂರು ಬಾಗಿಲಲ್ಲಿ ಕೆಥೆಡ್ರಲ್ ಪ್ರತಿಷ್ಠೆಯಾದ ಮೂರು ಇಸವಿ: 774, 1628, 1959. ತಲೆ ಎತ್ತಿದರೆ ಮೇಲೆ ಕಾಡುಮೇಕೆ ಇದೆ, ಗಂಟುಬಾಲದ ಸಿಂಹ ಇದೆ. ಕರೀ ಉಂಡೆ ಇಲ್ಲ. ಕೆಡವಿಸಿದವನು ಇವನು, ಚಿಕ್ಕದಾಗಿ ಕಟ್ಟಿಸಿ ಹೆಸರು ಪಡೆದವರು ಮುಂದಿನವರು. ನನಗೆ ಇಡೀ ದಿನದಲ್ಲಿ ತುಂಬಾ ಇಷ್ಟವಾಗೋ ಜಾಗ ಇದೇ.

ಹೊತ್ತಿದ್ದರೆ ಸಂಗೀತೋತ್ಸವ ನಡೆಯುವ ಫೆಸ್ಟಿವಲ್ ಸಭಾಂಗಣದ ಕಡೆ ಒಂದು ಸುತ್ತು ಹಾಕಿ. ಅದು ಮೂಲತಃ ಇವನು ಕಟ್ಟಿಸಿದ ಕುದುರೆ ಲಾಯ. ಹೊತ್ತಿಲ್ಲದಿದ್ದರೆ ಬಿಡಿ.

ಆಮೇಲೆ ಕೋಟೆ. ಹತ್ತೋಕೆ ಕೇಬಲ್ ರೈಲು ಇದೆ. ಮಂಡಿ ನೋವಿನವರು ಮುಜುಗರ ಪಡದೆ ಅದರಲ್ಲೇ ಹೋಗಿ. ಮೇಲಿನಿಂದ ಸಾಲ್ಜಾಖ್ ನದಿ ದಕ್ಷಿಣದಿಂದ ಬರೋದು ಕಾಣುತ್ತೆ. ಆ ಕಡೆ ಇರೋದೇ ಹಲ್ಲೈನ್, ಡ್ಯುರ್ನ್‌ಬರ್ಗ್ ಉಪ್ಪಿನ ಗಣಿ. ಬೆಟ್ಟದ ಒಳಗೆ ನೀರು ಬಿಟ್ಟು ಉಪ್ಪು ಕರಗಿಸಿ, ಆ ನೀರನ್ನು ಕೆಳಗೆ ಹರಿಸಿ, ದೊಡ್ಡ ಬಾಣಲೆಗಳಲ್ಲಿ ಕುದಿಸಿ ಉಪ್ಪು ತೆಗೆಯುತ್ತಿದ್ದರು. ಅದು ದೋಣಿಯಲ್ಲಿ ಇದೇ ನದಿಯಲ್ಲಿ ಹೋಗುತ್ತಿತ್ತು. ಕೆಳಗೆ ಕಾಣೋ ಗೋಪುರ, ಚೌಕ ಎಲ್ಲದರ ಹಿಂದೆ ಉಪ್ಪಿನ ದುಡ್ಡು ಇದೆ. ಅವನನ್ನು ಮುಳುಗಿಸಿದ್ದೂ ಉಪ್ಪೇ. ಪಕ್ಕದ ಬವೇರಿಯಾದ ದೊರೆ ಮ್ಯಾಕ್ಸಿಮಿಲಿಯನ್ ಜೊತೆ ಉಪ್ಪಿನ ವ್ಯಾಪಾರಕ್ಕೆ ಜಗಳ ಬೆಳೆದು, 1611ರ ಅಕ್ಟೋಬರ್‌ನಲ್ಲಿ ಇವನು ಉಪ್ಪಿನ ಗಣಿಯಿದ್ದ ಪಕ್ಕದ ಪುಟ್ಟ ನಾಡು ಬೆರ್ಖ್‌ಟೆಸ್‌ಗಾಡೆನ್ ಮೇಲೆ ಸೈನ್ಯ ನುಗ್ಗಿಸಿದ. ಬವೇರಿಯಾದ ಸೈನ್ಯ ತಿರುಗಿ ಇವನ ಮೇಲೇ ಬಂತು. ಓಡಿಹೋದ. ದಕ್ಷಿಣದ ಕರಿಂಥಿಯಾ ಪ್ರಾಂತ್ಯದ ಗ್ಮ್ಯುಂಡ್ ಹತ್ತಿರ ಸಿಕ್ಕಿಬಿದ್ದ. 1612ರಲ್ಲಿ ಪದವಿ ಬಿಟ್ಟುಕೊಟ್ಟ. ಆಮೇಲೆ ಆ ಪೀಠಕ್ಕೆ ಬಂದ ಮಾರ್ಕುಸ್ ಸಿಟ್ಟಿಕುಸ್ ಇವನ ಸ್ವಂತ ಸಂಬಂಧಿ. ಬಿಡಿಸುವ ಬದಲು ಇದೇ ಕೋಟೆಯಲ್ಲಿ ಕೂಡಿಹಾಕಿದ. 1617ರ ಜನವರಿಯಲ್ಲಿ ವೋಲ್ಫ್ ಡೀಟ್ರಿಶ್ ಇಲ್ಲೇ ಸತ್ತ. ದಾಯಾದಿ ಅಂದರೆ ದಾಯಾದಿ, ಆಲ್ಪ್ಸ್ ಆದರೇನು, ಮಲೆನಾಡಾದರೇನು!

ಕೆಳಗಿಳಿದು ಮತ್ತೆ ನದಿ ದಾಟಿ, ಲಿಂಟ್ಸರ್ ಗಾಸ್ಸೆ ಬೀದಿಯಲ್ಲಿರೋ ಸೇಂಟ್ ಸೆಬಾಸ್ಟಿಯನ್ ಸ್ಮಶಾನಕ್ಕೆ ಬನ್ನಿ. ಜನ ಬರೋದು ಮೊಜಾರ್ಟ್ ಹೆಂಡತಿಯ ಸಮಾಧಿ ನೋಡೋಕೆ. ನೀವು ನಡುವೆ ಇರೋ ಗುಮ್ಮಟದ ಗುಡಿಗೆ ಹೋಗಿ. ವೋಲ್ಫ್ ಡೀಟ್ರಿಶ್ ಬದುಕಿದ್ದಾಗಲೇ ತನಗಾಗಿ ಕಟ್ಟಿಸಿಕೊಂಡ ಸಮಾಧಿ ಅದು. ಒಳಗೋಡೆ ತುಂಬಾ ಬಣ್ಣಬಣ್ಣದ ಪುಟ್ಟ ಟೈಲ್ಸ್. ತನ್ನನ್ನು ಆಡಂಬರವಿಲ್ಲದೆ ಹೂಳಬೇಕು ಅಂತ ಬರೆಸಿಟ್ಟಿದ್ದ. ಸೆರೆಯಲ್ಲಿಟ್ಟ ಸಂಬಂಧಿ ಮಾತ್ರ ಭರ್ಜರಿ ಮೆರವಣಿಗೆ ಮಾಡಿಸಿದ.

ಈಗ ಮಿರಾಬೆಲ್. ನಮ್ಮಮ್ಮನಿಗೆ ಇದನ್ನು ಹೇಳಿದಾಗ "ಪಾದ್ರಿಗೆ ಸಂಸಾರಾನಾ?" ಅಂತ ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟರು. ಹೌದು. ಸಲೋಮೆ ಆಲ್ಟ್, ಇದೇ ಊರಿನ ವ್ಯಾಪಾರಿಯ ಮಗಳು. ಮದುವೆ ಆಗುವ ಹಾಗಿರಲಿಲ್ಲ. ಆದರೂ ಹದಿನೈದು ಮಕ್ಕಳು. ಆಕೆಗಾಗಿ 1606ರಲ್ಲಿ ಕಟ್ಟಿಸಿದ ಅರಮನೆಗೆ ಆಗ ಆಲ್ಟೆನೌ ಅಂತ ಹೆಸರು. ಮಿರಾಬೆಲ್ ಅಂತ ಮಾಡಿದ್ದು ಅದೇ ಮಾರ್ಕುಸ್ ಸಿಟ್ಟಿಕುಸ್. ಸಲೋಮೆ ಊರು ಬಿಟ್ಟು ಆಸ್ಟ್ರಿಯಾದ್ದೇ ಆದ ವೆಲ್ಸ್ ಅನ್ನೋ ಊರಲ್ಲಿ ನೆಲೆಸಿ, 1633ರಲ್ಲಿ ಅಲ್ಲೇ ತೀರಿಕೊಂಡರು. ಗೈಡ್‌ಗಳು ಆಕೆಯನ್ನು 'ಪ್ರೇಯಸಿ' ಅಂತ ಒಂದು ಮಾತಲ್ಲಿ ಮುಗಿಸುತ್ತಾರೆ, ನನಗೆ ಸಿಟ್ಟು ಬರುತ್ತೆ. ಅಷ್ಟು ಮಕ್ಕಳನ್ನು ಹೆತ್ತು, ಎಲ್ಲ ಕಳೆದುಕೊಂಡು ಬೇರೆ ಊರಲ್ಲಿ ಬಾಳಿದವಳು.

ಈಗ ನೋಡೋ ಮಿರಾಬೆಲ್‌ನ ಹೊರರೂಪ ಆಮೇಲಿನದು, ಹಾಗಾಗಿ ಇಲ್ಲಿ ಉಂಡೆ ಹುಡುಕುತ್ತಾ ಹೊತ್ತು ಕಳೆಯಬೇಡಿ. ತೋಟದಲ್ಲಿ ಫೋಟೋ ತೆಗೆದುಕೊಳ್ಳಿ, ತಂದ ಚಪಾತಿ ಪಲ್ಯ ಉಳಿದಿದ್ದರೆ ಇಲ್ಲೇ ಮುಗಿಸಿ. ಸ್ಟೇಷನ್ ಇಲ್ಲಿಂದ ಕಾಲು ಗಂಟೆ ನಡಿಗೆ. ಎರಡನೇ ದಿನ ಇದ್ದರೆ ಹಲ್ಲೈನ್ ಗಣಿಗೆ ಹೋಗಿ, ಸ್ವೆಟರ್ ಮರೀಬೇಡಿ. ಒಳಗೆ ನಡೀತಾ ನಡೀತಾ ನೆಲದಡಿಯಲ್ಲೇ ಜರ್ಮನಿಯ ಗಡಿ ದಾಟಿ ಬರುತ್ತೀರಿ.